ಮಾವನ ಅಂಬಾಸಿಡರಿಗೆ ಸಾವಿರ ವ್ಯಾಟ್

ಮಾವನ ಮನೆ ಎಷ್ಟು ದೂರದಲ್ಲಿರಬೇಕು ಎಂದು ಯಾರಾದರೂ ಕೇಳಿದರೆ, ಕನಿಷ್ಠ ಎರಡು ಬಸ್ಸು ಬದಲಾಯಿಸುವಷ್ಟು ಎನ್ನುತ್ತೇನೆ. ನನ್ನ ಮಾವನ ಮನೆ ನನ್ನ ಮನೆಯಿಂದ ಹದಿನಾರು ಮೆಟ್ಟಿಲು ದೂರ. ಅವರು ಕೆಳಗೆ, ನಾವು ಮೇಲೆ. (ಸ್ಥಾನಮಾನದ ವಿಷಯದಲ್ಲಿ ಇದನ್ನು ತಲೆಕೆಳಗು ಮಾಡಿ ಓದಿಕೊಳ್ಳಬೇಕು.) ಮಾಕಳಿಯಲ್ಲಿ ಅವರು ಕಟ್ಟಿಸಿರುವ ಮೂರಂತಸ್ತಿನ ಕಟ್ಟಡದಲ್ಲಿ ನಾನೂ ಒಬ್ಬ ಬಾಡಿಗೆದಾರ. ಉಳಿದ ಬಾಡಿಗೆದಾರರಿಗೂ ನನಗೂ ಇರುವ ವ್ಯತ್ಯಾಸ ಇಷ್ಟೆ: ನೀರಿನ ಮೋಟರ್ ಕೆಟ್ಟರೆ ಅವರು ದೂರು ಕೊಡುತ್ತಾರೆ, ನಾನು ರಿಪೇರಿ ಮಾಡುತ್ತೇನೆ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ ಬಿಡಿಭಾಗಕ್ಕೂ ಕೆಂಪು ಬಣ್ಣ ಬಳಿದು ಆಚೆಗೆಸೆಯುವ ಪರಮಾಧಿಕಾರ ನನ್ನದು. ಈ ಸೂಕ್ಷ್ಮದೃಷ್ಟಿ ಮಾತ್ರ ಕಾರ್ಖಾನೆಯ ಗೇಟು ದಾಟಿ ನನ್ನ ಜೊತೆ ಮನೆಗೆ ಬರುವುದಿಲ್ಲ. ನನ್ನ ಸ್ಕೂಟರಿನ ಹಾರ್ನ್ ಸತ್ತು ಏಳು ತಿಂಗಳಾಯಿತು. ತುಮಕೂರು ರಸ್ತೆಯಲ್ಲಿ ಯಾವುದಾದರೂ ಲಾರಿ ಅಡ್ಡ ಬಂದರೆ, ಹಿಂದೆ ಕೂತ ನನ್ನ ಹೆಂಡತಿ ಲಾವಣ್ಯ ‘ಏಯ್, ಸೈಡು!’ ಎಂದು ಒಂದು ಕೂಗು ಹಾಕುತ್ತಾಳೆ. ಹದಿನಾಲ್ಕು ಚಕ್ರದ ಲಾರಿಯೂ ವಿನಯದಿಂದ ಪಕ್ಕಕ್ಕೆ ಸರಿಯುತ್ತದೆ. ಇಷ್ಟು ಸೊಗಸಾಗಿ ಕೆಲಸ ಮಾಡುವ ವ್ಯವಸ್ಥೆಯನ್ನು ರಿಪೇರಿ ಮಾಡಿಸುವುದು ದಡ್ಡತನ ಎಂಬುದು ನನ್ನ ವಾದ.

ಈ ಲಾವಣ್ಯಳಿಗೆ ಒಂದೇ ಒಂದು ಆಸೆ. ಅವಳಪ್ಪನ ಅಂಬಾಸಿಡರ್ ಕಾರಿನ ಮುಂದಿನ ಸೀಟಿನಲ್ಲಿ ಕೂತು ಶಿವಗಂಗೆಗೆ ಹೋಗಬೇಕು. ಚಿಕ್ಕಂದಿನಲ್ಲಿ ಮುಂದಿನ ಸೀಟು ಅಕ್ಕನಿಗೆ ಮೀಸಲಾಗಿತ್ತು. ಇವಳದು ಹಿಂದೆ, ಅಜ್ಜಿಯ ಎಲೆಅಡಿಕೆ ಚೀಲದ ಪಕ್ಕ. ಆಮೇಲೆ ಕಾರು ಕೊಟ್ಟಿಗೆ ಸೇರಿ, ಹಿಂದಿನ ಸೀಟಿನಲ್ಲಿ ಕೋಳಿಗಳು ಹನ್ನೆರಡು ವರ್ಷ ಬಾಣಂತನ ಮಾಡಿಕೊಂಡವು. ಕಳೆದ ವರ್ಷ ನನ್ನ ಮಾವ ಚಿಕ್ಕಬೈರಪ್ಪನವರಿಗೆ ಏನು ಹೊಳೆಯಿತೋ, ಕೋಳಿಗಳನ್ನು ಖಾಲಿ ಮಾಡಿಸಿ (ನೋಟಿಸ್ ಇಲ್ಲದೆ ಎಬ್ಬಿಸಿದ ಬಾಡಿಗೆದಾರರೆಂದರೆ ಅವು ಮಾತ್ರ) ಗಾಡಿಯ ಜೀರ್ಣೋದ್ಧಾರಕ್ಕೆ ಕೈಹಾಕಿದರು. ಟಿಂಕರಿಂಗ್ ಆಯಿತು, ಪೇಂಟಿಂಗ್ ಆಯಿತು, ಇಂಜಿನ್ ಬಿಚ್ಚಿ ಕಟ್ಟಿದ್ದಾಯಿತು. ಎಪ್ಪತ್ತನಾಲ್ಕನೇ ಇಸವಿಯ ಕಾರು ಹಾಲಿನ ಕೆನೆಯ ಬಣ್ಣ ಬಳಿದುಕೊಂಡು ಶೆಡ್ಡಿನಲ್ಲಿ ಮದುವಣಗಿತ್ತಿಯಂತೆ ನಿಂತಿತು.

ನಿಂತಿತು, ಅಷ್ಟೆ. ಮಾವ ಅದನ್ನು ಹೊರಗೆ ತೆಗೆಯಲೇ ಇಲ್ಲ. ಕಾರಣ ಗೊತ್ತಾದದ್ದು ಗೌರಿ ಹಬ್ಬದ ದಿನ, ಇಬ್ಬರು ಅಳಿಯಂದಿರೂ ಒಟ್ಟಿಗೆ ಊಟಕ್ಕೆ ಕೂತಾಗ. ಮಾವ ಮೂವತ್ತು ವರ್ಷ ಪೀಣ್ಯದ ಪ್ರೆಸ್ ಶಾಪಿನಲ್ಲಿ, ತಗಡು ಬಡಿಯುವ ಯಂತ್ರದ ಮುಂದೆ ನಿಂತವರು. ಯಂತ್ರ ತಗಡಿನ ಜೊತೆಗೆ ಅವರ ಕಿವಿಯನ್ನೂ ಬಡಿದು ಹಾಕಿತ್ತು.

‘ಇಂಜಿನ್ ಸದ್ದೇ ಕೇಳಾಕಿಲ್ಲ ಕಣ್ರಪ್ಪಾ ನಂಗೆ,’ ಎಂದರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ. ‘ರೇಡಿಯೋ ಪಾಟು ಆಕುದ್ರೂ ಕೇಳಾಕಿಲ್ಲ. ಸದ್ದಿಲ್ದಿರೋ ಗಾಡಿ ಓಡ್ಸೋದು, ಮಾತಾಡ್ದಿರೋ ಎಂಡ್ತಿ ಜೊತೆ ಸಂಸಾರ ಮಾಡ್ದಂಗೆ.’

‘ಯಾವಾಗ್ ಮಾಡಿ ನೋಡಿದ್ರಿ?’ ಎಂದರು ಬಡಿಸುತ್ತಿದ್ದ ಅತ್ತೆ ಭದ್ರಮ್ಮ. ಅದೂ ಮಾವನಿಗೆ ಕೇಳಿಸಲಿಲ್ಲ.

‘ಅದ್ಕೇ, ಆಯುಧಪೂಜೆ ದಿನ ಕೀ ಕೊಟ್ಬುಡ್ತೀನಿ. ನಿಮ್ಮಿಬ್ರಲ್ಲಿ ಗಾಡಿ ಮ್ಯಾಲೆ ಯಾರ್ಗೆ ಜಾಸ್ತಿ ಆಸೆ ಐತೋ ಅವರ್ಗೆ.’

ಇಲ್ಲಿ ಓದುಗರು ಒಂದು ವಿಷಯ ಗಮನಿಸಬೇಕು. ಮಾವ ಎರಡು ಮಾತು ಹೇಳಿದರು. ಸದ್ದಿಲ್ಲದ್ದರಿಂದ ಗಾಡಿ ಬೇಡವೆಂಬುದು ಒಂದು, ಕೀ ಕೊಡುತ್ತೇನೆಂಬುದು ಇನ್ನೊಂದು. ನನಗೆ ಕೇಳಿಸಿದ್ದು ಎರಡನೆಯದು ಮಾತ್ರ. (ಕಿವಿ ಮಂದ ಯಾರದು ಎಂದು ಈಗ ಅನುಮಾನ ಬರುತ್ತಿದೆ.)

ನನ್ನ ಷಡ್ಡಕ ಹರ್ಷವರ್ಧನ್ ಎಲೆಕ್ಟ್ರಾನಿಕ್ ಸಿಟಿಯವರು. ಲಾವಣ್ಯಳ ಅಕ್ಕನ ಗಂಡ. ಒಂದೇ ವಾರದಲ್ಲಿ ಅವರು ಕಾರಿಗೆ ಜೇನಿನ ಬಣ್ಣದ ಚರ್ಮದ ಸೀಟು ಹೊದಿಸಿದರು. ‘ಹೆರಿಟೇಜ್ ಫೀಲ್ ಬರ್ಬೇಕಲ್ವಾ, ಬ್ರೋ’ ಎಂದು ನನ್ನ ಭುಜ ತಟ್ಟಿದರು. ಆ ತಟ್ಟುವಿಕೆಯಲ್ಲಿ ಕೀ ಆಗಲೇ ಅವರ ಜೇಬಿನಲ್ಲಿರುವ ಶಬ್ದವಿತ್ತು.

‘ರೀ, ಭಾವ ಸೀಟು ಹಾಕ್ಸಿದ್ರು,’ ಎಂದಳು ಲಾವಣ್ಯ ಬೆಳಿಗ್ಗೆ ನನ್ನ ಡಬ್ಬಿಗೆ ಚಿತ್ರಾನ್ನ ತುಂಬುತ್ತ. ‘ನೀವೇನ್ ಹಾಕ್ಸ್ತೀರಾ? ನಿಂಬೆಹಣ್ಣಾ?’

‘ಸೌಂಡು!’ ಎಂದೆ. ಆ ಕ್ಷಣಕ್ಕೆ ಮುಂಚೆ ಆ ಯೋಚನೆ ನನ್ನ ತಲೆಯಲ್ಲಿರಲಿಲ್ಲ. ಮಹತ್ತಾದ ಯೋಚನೆಗಳು ಹಾಗೇ ಬರುವುದು, ಅವಮಾನವಾದ ಹತ್ತು ಸೆಕೆಂಡಿಗೆ. ‘ಸೀಟಿನ ಮೇಲೆ ಯಾರು ಬೇಕಾದ್ರೂ ಕೂರ್ಬೋದು ಕಣೇ. ಮಾವಂಗೆ ಹಾಡು ಕೇಳೋ ಹಂಗೆ ಮಾಡೋ ಗಂಡ್ಸು ಯಾರಿದ್ದಾನೆ? ಆಯುಧಪೂಜೆ ದಿನ ಕೀ ಇಸ್ಕೊಂಡು, ನೇರ ಶಿವಗಂಗೆ. ನೀನು ಮುಂದಿನ ಸೀಟಲ್ಲಿ.’

‘ಸ್ಕೂಟರ್‌ಗೆ ಒಂದು ಹಾರ್ನ್ ಹಾಕ್ಸಕ್ಕಾಗ್ಲಿಲ್ಲ ನಿಮ್ಗೆ.’

‘ಮಾತು ಬದಲಾಯಿಸ್ಬೇಡ.’

ಆದರೂ ಅವಳ ಮುಖ ಅರಳಿತು. ಮಧ್ಯಾಹ್ನ ಡಬ್ಬಿ ತೆರೆದರೆ ಚಿತ್ರಾನ್ನದ ಮೇಲೆ ಎರಡು ವಡೆ ಇತ್ತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ತಜ್ಞರು ಬೇಕಲ್ಲ. ನಮ್ಮ ಕಾರ್ಖಾನೆಯ ಮೇಂಟೆನೆನ್ಸ್‌ನಲ್ಲಿ ಗದಗದ ಕಡೆಯ ಮುದಕಪ್ಪ ಇದ್ದಾರೆ. ಅವರ ಊರಿನ ಕಡೆ ಟ್ರ್ಯಾಕ್ಟರಿಗೆ ಸೌಂಡ್ ಸಿಸ್ಟಮ್ ಕೂರಿಸುವುದು ಒಂದು ಕಲೆ. ಟ್ರ್ಯಾಕ್ಟರ್ ಹೊಲದಲ್ಲಿ ಓಡುತ್ತಿದ್ದರೆ ಹಾಡು ಪಕ್ಕದ ಊರಿನಲ್ಲಿ ಕೇಳಬೇಕು.

‘ಹನ್ನೆರಡು ಟ್ರ್ಯಾಕ್ಟರಿಗೆ ಕುಂದರಿಸೀನ್ರಿ ಸರ,’ ಎಂದರು ಮುದಕಪ್ಪ. ‘ಕಾರಿಗೆ ಇದ ಮೊದಲ. ಕಿವಿ ಕೇಳದವರಿಗೆ ಅಂದ್ರ ಮೈಗೆ ಗುದ್ದೂ ಬೇಸ್ ಬೇಕ್ರಿ. ಡಿಕ್ಕಿ ತುಂಬ ಬೇಸ್ ಇಡೂಣು.’

ಭಾನುವಾರಗಳು ಉರುಳಿದವು. ಡಿಕ್ಕಿಯಲ್ಲಿ ಕೊಳಗದಷ್ಟು ದೊಡ್ಡ ಎರಡು ಬೇಸ್ ಬಾಕ್ಸು, ಬಾಗಿಲುಗಳಲ್ಲಿ ನಾಲ್ಕು ಸ್ಪೀಕರು, ಸೀಟಿನ ಕೆಳಗೆ ಸಾವಿರ ವ್ಯಾಟಿನ ಆಂಪ್ಲಿಫೈಯರ್. ಹಳೆಯ ರೇಡಿಯೋದ ಮುಖ ಹಾಗೇ ಉಳಿಸಿ ಅದರ ಹಿಂದೆ ಹೊಸ ಸೆಟ್ಟು ಬಚ್ಚಿಟ್ಟೆವು. ಮೊದಲ ಸಲ ಹಾಕಿದಾಗ ಹಾಡಿಗಿಂತ ಮುಂಚೆ ಕಾರೇ ಹಾಡಿತು. ನಂಬರ್ ಪ್ಲೇಟು ಗಿರ್ರ್ ಎಂದಿತು, ಕನ್ನಡಿ ಕಟಕಟ ಎಂದಿತು, ಬಾಗಿಲ ಒಳಗಿನಿಂದ ಒಂದು ಹಳೆಯ ಕೋಳಿಪುಕ್ಕ ಹಾರಿಬಂತು. ಇದು ನನ್ನ ಕ್ಷೇತ್ರ. ಸ್ಟೆತಾಸ್ಕೋಪ್ ಹಿಡಿದ ವೈದ್ಯನಂತೆ ಕಾರಿನ ಮೈಮೇಲೆಲ್ಲ ಕಿವಿಯಿಟ್ಟು, ಎಲ್ಲೆಲ್ಲಿ ಅದುರುತ್ತದೋ ಅಲ್ಲಿಗೆಲ್ಲ ರಬ್ಬರು ತುರುಕಿದೆ. ನಲವತ್ತೆರಡು ಅಂಶಗಳ ತಪಾಸಣಾ ಪಟ್ಟಿ ಮಾಡಿ, ಎಲ್ಲಕ್ಕೂ ‘ಪಾಸ್’ ಬರೆದು ಸಹಿ ಹಾಕಿದೆ.

‘ಎಲ್ಲಾ ಬರೋಬ್ಬರಿ ಐತ್ರಿ,’ ಎಂದರು ಮುದಕಪ್ಪ. ‘ಆದ್ರ ಒಂದ ಮಾತು. ಈ ಗಾಡ್ಯಾಗ ಇರೂದು ಹಳೇ ಡೈನಮೋ. ಎರಡು ಲೈಟು ಒಂದು ಹಾರ್ನಿಗಷ್ಟ ಕರೆಂಟ್ ಕೊಡ್ತೈತಿ. ನಿಮ್ಮ ಸಾವಿರ ವ್ಯಾಟು ಬ್ಯಾಟರೀನ ಕುಡದು ಒಗೀತೈತಿ. ಜಾಸ್ತಿ ಕರೆಂಟ್ ಕೊಡೂ ಆಲ್ಟರ್ನೇಟರ್ ಹಾಕ್ಸ್ರಿ.’

‘ಮೂರು ವಾರದಿಂದ ಸಕ್ಕತ್ತಾಗಿ ಓಡ್ತಿದೆಯಲ್ಲ ಮುದಕಪ್ಪ.’

‘ಮೂರು ವಾರದಿಂದ ಗ್ವಾಡಿ ಪ್ಲಗ್ಗಿಗೆ ಚಾರ್ಜರ್ ಸಿಗಸೀರಿ. ಶಿವಗಂಗಿ ತನಕ ವೈರ್ ಎಳಕೊಂಡ ಹೋಗ್ತೀರೇನು?’

ನಾನು ಬಿದ್ದು ಬಿದ್ದು ನಕ್ಕೆ. ಎಷ್ಟು ಹಾಸ್ಯಪ್ರಜ್ಞೆ ಇವರಿಗೆ, ಎಂದುಕೊಂಡೆ. ಚಾರ್ಜರ್ ಕಳಚಿ ಪರೀಕ್ಷಿಸುವುದು ನನ್ನ ನಲವತ್ತೆರಡು ಅಂಶಗಳಲ್ಲಿ ಇರಲಿಲ್ಲ.

ಆಯುಧಪೂಜೆ ಬಂತು. ಶೆಡ್ಡಿನಿಂದ ಕಾರನ್ನು ಅಂಗಳಕ್ಕೆ ತಂದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಪಕ್ಕದಲ್ಲಿ ನನ್ನ ಸ್ಕೂಟರಿಗೂ ಒಂದು ಮೊಳ ಹೂವು ಸಿಕ್ಕಿತ್ತು. ಕಟ್ಟಡದ ಬಾಡಿಗೆದಾರರೆಲ್ಲ ನೆರೆದಿದ್ದರು. ಹರ್ಷವರ್ಧನ್ ರೇಷ್ಮೆ ಜುಬ್ಬ ತೊಟ್ಟು, ಕೀ ಸ್ವೀಕರಿಸುವ ಭಂಗಿಯಲ್ಲಿ ಮೊಬೈಲಿಗೆ ಮುಖ ಕೊಡುತ್ತಿದ್ದರು. ಲಾವಣ್ಯ ಹಸಿರು ಸೀರೆಯುಟ್ಟು, ಪುಳಿಯೋಗರೆಯ ಡಬ್ಬಿಯನ್ನು ಮುಂಚಿತವಾಗಿಯೇ ಮುಂದಿನ ಸೀಟಿನಲ್ಲಿ ಇಟ್ಟು ಜಾಗ ಕಾಯ್ದಿರಿಸಿದ್ದಳು.

ಪದ್ಧತಿಯ ಪ್ರಕಾರ ಯಜಮಾನರೇ ಸ್ಟೇರಿಂಗ್ ಹಿಡಿದು ನಿಂಬೆಹಣ್ಣು ದಾಟಿಸಬೇಕು. ಮಾವ ಒಳಗೆ ಕೂತರು. ಅತ್ತೆ ಆರತಿ ಸಿದ್ಧ ಮಾಡುತ್ತಿದ್ದರು. ಇದೇ ಸಮಯವೆಂದು ನಾನು ಕಿಟಕಿಯಿಂದ ಕೈ ಹಾಕಿ ಸೆಟ್ಟಿನಲ್ಲಿ ತಮಟೆಯ ಹಾಡು ಹಾಕಿದೆ.

ದಢ್!

ಮಾವಿನೆಲೆಯ ತೋರಣ ನಡುಗಿತು. ತಟ್ಟೆಯಲ್ಲಿ ಕಡಲೆಪುರಿ ಕುಣಿಯಿತು. ಎರಡನೇ ಮಹಡಿಯಲ್ಲಿ ಯಾರದೋ ಪಾತ್ರೆ ಬಿತ್ತು. ಮಾವ ಮೊದಲು ಹಿಂದೆ ತಿರುಗಿ ನೋಡಿದರು, ಯಾರೋ ಬೆನ್ನಿಗೆ ಗುದ್ದಿದರೆಂದು. ಆಮೇಲೆ ಸೀಟಿಗೆ ಒರಗಿದರು. ಕಣ್ಣು ಮುಚ್ಚಿದರು. ಬೆರಳು ಸ್ಟೇರಿಂಗ್ ಮೇಲೆ ತಾಳ ಹಾಕತೊಡಗಿತು.

‘ಮಾವ, ಜೋರಾಯ್ತಾ? ಕಡಿಮೆ ಮಾಡ್ಲಾ?’ ಎಂದು ಕಿರುಚಿದೆ.

‘ಮುಟ್ಬ್ಯಾಡ!’ ಎಂದು ಅವರು ನನಗಿಂತ ಜೋರಾಗಿ ಕಿರುಚಿದರು. ‘ಬೆನ್ನಿಗೆ ಕೇಳ್ತೈತೆ ಕಣಪ್ಪಾ! ನಮ್ ಪ್ರೆಸ್ಸು ಇಂಗೇ ಒಡೀತಿತ್ತು! ದಢ್, ದಢ್... ಪಾಟು ಕೇಳಿ ಅದೆಷ್ಟ್ ವರ್ಸ ಆಗಿತ್ತೋ!’

ಅವರ ಕಣ್ಣಂಚಿನಲ್ಲಿ ನೀರಿತ್ತು. ಹರ್ಷವರ್ಧನರ ಮುಖದಲ್ಲಿ ರಕ್ತವಿರಲಿಲ್ಲ. ನಾನು ಲಾವಣ್ಯಳ ಕಡೆ ನೋಡಿ, ಕೀ ತಿರುಗಿಸುವ ಹಾಗೆ ಕೈಸನ್ನೆ ಮಾಡಿದೆ. ಅವಳು ಸೆರಗು ಸರಿಮಾಡಿಕೊಂಡಳು. ಅತ್ತೆ ಆರತಿ ಎತ್ತಿದರು, ಕರ್ಪೂರ ಉರಿಯಿತು, ಬೂದುಗುಂಬಳಕಾಯಿ ಒಡೆದರು. ಅರ್ಧ ಗಂಟೆ ಇಡೀ ಮಾಕಳಿ ನನ್ನ ಬೇಸಿಗೆ ಅದುರಿತು. ಆಮೇಲೆ ಮಾವ ಗಂಭೀರವಾಗಿ ಕೀ ತಿರುಗಿಸಿದರು.

ಟಿಕ್.

ಹಾಡು ನಿಂತಿತು. ಇನ್ನೊಮ್ಮೆ ತಿರುಗಿಸಿದರು. ಈ ಸಲ ಟಿಕ್ ಕೂಡ ಇಲ್ಲ. ಗುಂಪಿನಲ್ಲಿದ್ದ ಮುದಕಪ್ಪ ನನ್ನ ಕಡೆ ನೋಡಲಿಲ್ಲ, ಆಕಾಶದ ಕಡೆ ನೋಡಿದರು. ಸಜ್ಜನರು.

‘ನಿಂಬೆಹಣ್ಣು ದಾಟ್ದೇ ಗಾಡಿ ನಿಲ್ಬಾರ್ದು,’ ಎಂದರು ಅತ್ತೆ ಗಾಬರಿಯಿಂದ. ‘ಅಪಶಕುನ. ತಳ್ಳಿ, ತಳ್ಳಿ!’

‘ಬ್ರೋ, ನಂದು ರೇಷ್ಮೆ,’ ಎಂದು ಹರ್ಷವರ್ಧನ್ ಎರಡು ಹೆಜ್ಜೆ ಹಿಂದೆ ಸರಿದರು.

ಹಾಗಾಗಿ ನಾನೂ ಮುದಕಪ್ಪನೂ ಡಿಕ್ಕಿಗೆ ಭುಜ ಕೊಟ್ಟೆವು. ಕಾರಿನ ಭಾರದ ಜೊತೆ ನಾನೇ ಕೂರಿಸಿದ ಬೇಸ್ ಬಾಕ್ಸುಗಳ ಭಾರ. ನಿಂಬೆಹಣ್ಣು ಪಚಕ್ ಎಂದವು. ಕಾರು ಗೇಟು ದಾಟಿ ಇಳಿಜಾರಿಗೆ ಬಂತು, ಗೊರ್ ಎಂದು ಇಂಜಿನ್ ಹತ್ತಿಕೊಂಡಿತು. ನನ್ನ ಕೈಗಳ ಮುಂದೆ ಇದ್ದಕ್ಕಿದ್ದಂತೆ ಕಾರೇ ಇರಲಿಲ್ಲ. ಗೇಟಿನೆದುರು ಒಡೆದಿದ್ದ ಬೂದುಗುಂಬಳದ ಮೇಲೆ, ಕುಂಕುಮದ ಸಮೇತ, ನಾನು ಸಾಷ್ಟಾಂಗ ಬಿದ್ದೆ. ಮಾವ ತಿರುಗಿ ನೋಡಲಿಲ್ಲ. ಬೀದಿಯ ಕೊನೆಯಲ್ಲಿ ಮತ್ತೆ ‘ದಢ್’ ಎಂದಿತು.

ಒಂದೂವರೆ ಗಂಟೆ ಪತ್ತೆಯಿಲ್ಲ. ಎಪ್ಪತ್ತೊಂದು ವರ್ಷದ ಮನುಷ್ಯ, ಹಬ್ಬದ ಟ್ರಾಫಿಕ್ಕು. ಅತ್ತೆ ದೇವರಿಗೆ ಹರಕೆ ಹೊತ್ತರು, ನನಗೆ ಶಾಪ ಹಾಕಿದರು. ಕೊನೆಗೆ ನೆಲಮಂಗಲದ ತನಕ ಹೋಗಿದ್ದ ಮಾವ ವಾಪಸು ಬಂದರು. ಕಾರು ಸರಿಯಾಗಿ ಗೇಟಿನ ಮುಂದೆ ನಿಂತು, ಮತ್ತೆ ಸತ್ತಿತು. ಮಾವ ಇಳಿದರು. ಒಂದು ಕೈಯಲ್ಲಿ ಕೀ, ಇನ್ನೊಂದು ಕೈಯಲ್ಲಿ ಪುಳಿಯೋಗರೆಯ ಡಬ್ಬಿ. ಖಾಲಿ.

‘ಕೀ ಯಾರ್ಗೂ ಕೊಡಾಕಿಲ್ಲ,’ ಎಂದು ತೀರ್ಪು ಕೊಟ್ಟರು. ‘ಗಾಡಿ ಮಾತಾಡಾಕಿಲ್ಲ ಅಂತ ತಾನೆ ಬ್ಯಾಡ ಅಂದಿದ್ದು? ಈಗ ಮಾತಾಡ್ತೈತೆ. ನಾನೇ ಓಡಿಸ್ಕಂತೀನಿ. ಅರ್ಸಪ್ಪಾ, ನಿನ್ ಸೀಟು ಬಲೇ ಚೆನ್ನಾಗೈತೆ. ಅಳಿಮಯ್ಯ, ನಿನ್ನಿಂದ್ಲೇ ಕಣಪ್ಪಾ ಇದೆಲ್ಲ. ಚೆನ್ನಾಗಿರು.’

ಹರ್ಷವರ್ಧನ್ ನಿಟ್ಟುಸಿರು ಬಿಟ್ಟು ಎಲೆಕ್ಟ್ರಾನಿಕ್ ಸಿಟಿಗೆ ಹೊರಟರು. ಅಷ್ಟು ದೂರ ಮನೆ ಮಾಡಿದ ಅವರ ದೂರದೃಷ್ಟಿ ನನಗೆ ಅಂದು ಅರ್ಥವಾಯಿತು.

‘ಮಾವ, ಬ್ಯಾಟರಿ ಪದೇಪದೇ ಖಾಲಿಯಾಗತ್ತೆ,’ ಎಂದು ಮೈಮೇಲಿನ ಕುಂಬಳದ ಬೀಜ ಒರೆಸಿಕೊಳ್ಳುತ್ತ ಹೇಳಿದೆ. ‘ಒಂದು ಆಲ್ಟರ್ನೇಟರ್ ಹಾಕಿಸ್ಬಿಡೋಣ.’

ಮೂರು ಸಲ ಕಿರುಚಿದ ಮೇಲೆ ಅವರಿಗೆ ಕೇಳಿಸಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

‘ಅಳಿಯ ಮ್ಯಾಲ್ಗಡೇನೇ ಅವ್ನೆ. ಆಲ್ಟರ್ನೇಟರ್ ಯಾಕಲಾ?’

ಅಂದಿನಿಂದ ನನ್ನ ದಿನ ಬೆಳಿಗ್ಗೆ ಆರೂವರೆಗೆ ಶುರು. ನೆಲ ದಢ್ ಎಂದರೆ ಮಾವ ಕಾರಿನಲ್ಲಿ ಕೂತರು ಎಂದರ್ಥ. ನೆಲ ಸುಮ್ಮನಾದರೆ ನಾನು ಹದಿನಾರು ಮೆಟ್ಟಿಲು ಇಳಿಯಬೇಕು ಎಂದರ್ಥ. ‘ಹೋಗಿ ತಳ್ಳಿ, ಹೊಟ್ಟೆನಾದ್ರೂ ಕರಗುತ್ತೆ,’ ಎನ್ನುತ್ತಾಳೆ ಲಾವಣ್ಯ. ಸದ್ದಿನ ಬಗ್ಗೆ ಬಾಡಿಗೆದಾರರ ದೂರುಗಳನ್ನು ಸ್ವೀಕರಿಸುವ ಹುದ್ದೆಯೂ ನನ್ನದೇ.

ಕೊಟ್ಟ ಮಾತು ಮಾತ್ರ ಸುಳ್ಳಾಗಲಿಲ್ಲ. ಮುಂದಿನ ಭಾನುವಾರ ಲಾವಣ್ಯ ಶಿವಗಂಗೆಗೆ ಹೋದಳು, ಅಂಬಾಸಿಡರಿನಲ್ಲಿ, ಮುಂದಿನ ಸೀಟಿನಲ್ಲೇ, ಹಸಿರು ಸೀರೆಯುಟ್ಟು. ಸ್ಟೇರಿಂಗ್ ಹಿಡಿದವರು ಅವಳಪ್ಪ. ಹಿಂದಿನ ಸೀಟಿನಲ್ಲಿ ಅತ್ತೆ, ಹೊಸ ಪುಳಿಯೋಗರೆ. ನಾನು ಅವರ ಹಿಂದೆ, ಹಾರ್ನಿಲ್ಲದ ಸ್ಕೂಟರಿನಲ್ಲಿ, ಅಗತ್ಯ ಬಿದ್ದರೆ ಇರಲಿ ಎಂದು. ಲಾರಿ ಅಡ್ಡ ಬಂದಾಗ ‘ಸೈಡು!’ ಎಂದು ನಾನೇ ಕೂಗಿಕೊಂಡೆ. ಒಂದೂ ಸರಿಯಲಿಲ್ಲ.

ದಾಬಸ್‌ಪೇಟೆ ದಾಟಿದ ಮೇಲೆ ಮಾವ ಎಳನೀರಿಗೆಂದು ಇಂಜಿನ್ ಆರಿಸಿ ಗಾಡಿ ನಿಲ್ಲಿಸಿದರು. ಹಾಡು ನಿಲ್ಲಿಸಲಿಲ್ಲ. ನಾನು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಲಾವಣ್ಯ ಕಿಟಕಿಯಿಂದ ತಲೆ ಹೊರಹಾಕಿದಳು. ಗಾಳಿಗೆ ಮುಂಗುರುಳು ಹಾರುತ್ತಿತ್ತು. ಮದುವೆಯಾದ ಮೇಲೆ ಅವಳನ್ನು ಇಷ್ಟು ಖುಷಿಯಾಗಿ ನಾನು ಕಂಡಿರಲಿಲ್ಲ. ನನ್ನ ಕಡೆ ಕೈಬೀಸಿ ಏನೋ ಹೇಳಿದಳು. ಬೇಸಿನ ಅಬ್ಬರದಲ್ಲಿ ತುಟಿ ಆಡಿದ್ದಷ್ಟೇ ಕಾಣಿಸಿತು. ಪ್ರೀತಿಯ ಮಾತೇ ಇರಬೇಕು ಎಂದುಕೊಂಡು ನಾನೂ ಕೈಬೀಸಿದೆ.

ಆಗ ಹಾಡು ತಾನಾಗಿಯೇ ನಿಂತಿತು. ಸುತ್ತ ನಿಶ್ಶಬ್ದ. ಅವಳ ಮುಂದಿನ ಮಾತು ಸ್ಪಷ್ಟವಾಗಿ ಕೇಳಿಸಿತು.

‘ರೀ, ಅಲ್ಲೇ ನಿಂತ್ಕೊಂಡು ಹಲ್ಲು ಕಿರೀಬೇಡಿ. ಬನ್ನಿ, ತಳ್ಳಿ!’