ಕುಲುಕಿ ನೋಡಿದ ಬಂದೂಕು

ಒಂಬತ್ತು ಸಾವಿರ ರೂಪಾಯಿ ಕೊಟ್ಟೆ. ಅವರು ಹೇಳಿದ್ದೂ ಅಷ್ಟೇ, ನಾನು ಕೊಟ್ಟಿದ್ದೂ ಅಷ್ಟೇ. ಹೇಳಿದ ಬೆಲೆಗೂ ಕೊಟ್ಟ ಬೆಲೆಗೂ ನಡುವೆ ಒಂದು ಲೋಟ ಕಾಫಿಯ ದುಡ್ಡಿನಷ್ಟೂ ಅಂತರವಿಲ್ಲದ ವ್ಯಾಪಾರ ನನ್ನ ಜೀವಮಾನದಲ್ಲಿ ಇದೊಂದೇ. ಕೊಂಡದ್ದು ಒಂದು ದುರ್ಬೀನು. ಬಂದೂಕಿನ ಮೇಲೆ ಕೂರಿಸಿ ಗುರಿ ನೋಡುವ, ಗೇಣುದ್ದದ ಕಪ್ಪು ಸಾಧನ. ಬಂದೂಕು ಕೊಳ್ಳಲು ಹೋದವನು ಬಂದೂಕನ್ನು ಅಲ್ಲೇ ಬಿಟ್ಟು ಇದನ್ನಷ್ಟೇ ಟವೆಲಿನಲ್ಲಿ ಸುತ್ತಿಕೊಂಡು ಬಂದೆ. ಅದೂ ಚೌಕಾಸಿ ಮಾಡದೆ. ಸುದ್ದಿ ತಿಪಟೂರಿನ ಮಂಡಿಗೆ ಮುಟ್ಟಿದಾಗ ಇಬ್ಬರು ಹಳೆಯ ಪರಿಚಯದವರು ಫೋನು ಮಾಡಿ ನನ್ನ ಆರೋಗ್ಯ ವಿಚಾರಿಸಿದರು. ಹೀಗೇಕಾಯಿತು ಎಂದು ಹೇಳಿಬಿಟ್ಟರೆ ನಾಳೆ ಬಂದೂಕು ಕೊಳ್ಳಲು ಹೋಗುವ ಯಾರಿಗಾದರೂ ಉಪಯೋಗವಾದೀತು.

ನಾನು ಚೌಕಾಸಿಯಿಂದ ಮೇಲೆ ಬಂದ ಮನುಷ್ಯ. ಮಂಡಿಯಲ್ಲಿ ಮೂಟೆ ಹೊಲಿಯುವುದರಿಂದ ಶುರು ಮಾಡಿ, ಕಾಯಿ ಆರಿಸುವ ಕೆಲಸಕ್ಕೆ ಬಂದು, ಆಮೇಲೆ ಸ್ವಂತ ವ್ಯಾಪಾರ ಮಾಡಿ, ತುರುವೇಕೆರೆ ರಸ್ತೆಯಲ್ಲಿ ಒಂದು ತೋಟ ಮಾಡಿಕೊಂಡೆ. ನಮ್ಮ ಕಡೆ ಕೊಬ್ಬರಿ ಮಾಡುವ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಅದರ ಪಾಡಿಗೆ ಬಿಟ್ಟುಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಗ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಲೊಡ ಲೊಡ ಎನ್ನುತ್ತದೆ. ಆ ಸದ್ದು ಬಂದರೆ ಸರಕು ಒಳ್ಳೆಯದು, ಇನ್ನೂ ನೀರಿನ ಸದ್ದು ಬಂದರೆ ಹಸಿ. ಒಡೆದು ನೋಡುವ ಹಾಗಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಎಲ್ಲವೂ ಕಿವಿಯ ಮೇಲೆ. ಹೀಗಾಗಿ ನನ್ನ ಕೈಗೆ ಏನೇ ಬರಲಿ, ಅದು ತಾನಾಗಿ ಕಿವಿಯ ಕಡೆ ಏರುತ್ತದೆ. ಗಡಿಯಾರ, ಟಾರ್ಚು, ಔಷಧಿ ಅಂಗಡಿಯ ಮಾತ್ರೆ ಡಬ್ಬಿ, ಯಾವುದನ್ನೂ ಬಿಟ್ಟವನಲ್ಲ. ಹೆಣ್ಣು ನೋಡಲು ಹೋದಾಗ ಕೊಟ್ಟ ಕೋಡುಬಳೆಯನ್ನು ಕೂಡ ಕಿವಿಯ ಹತ್ತಿರ ಹಿಡಿದು ಮುರಿದೆ ಎಂದು ನನ್ನ ಹೆಂಡತಿ ಗಿರಿಜಾ ಇವತ್ತಿಗೂ ಬಂದವರ ಮುಂದೆ ಹೇಳುತ್ತಾಳೆ. ಕೋಡುಬಳೆ ಗರಿಗರಿಯಾಗಿತ್ತು, ಮದುವೆಯಾದೆ. ತೀರ್ಮಾನ ತಪ್ಪಾಗಿಲ್ಲ.

ಬಂದೂಕಿನ ಅಗತ್ಯ ಬಿದ್ದದ್ದು ಕೋತಿಗಳಿಂದ. ಬೆಟ್ಟದ ಕಡೆಯಿಂದ ಇಳಿದ ಒಂದು ದಂಡು ಚಿಕ್ಕನಾಯಕನಹಳ್ಳಿ ಸೀಮೆ ಸಾಕಾಗಿ ನಮ್ಮ ತೋಟಕ್ಕೆ ಬಂದು ನೆಲೆಯಾಯಿತು. ತಿಂದರೆ ತಿನ್ನಲಿ ಎನ್ನಬಹುದಿತ್ತು. ಅವು ತಿನ್ನುವುದಕ್ಕಿಂತ ಕಿತ್ತು ಎಸೆಯುವುದು ಹೆಚ್ಚು. ಇನ್ನೂ ನಿಂಬೆಹಣ್ಣಿನಷ್ಟಿರುವ ಹರಳು ಕಾಯಿಗಳನ್ನು ಒಂದು ಕಚ್ಚಿ, ರುಚಿ ಹಿಡಿಸದೆ, ಮುಂದಿನದಕ್ಕೆ ಕೈ ಹಾಕುತ್ತವೆ. ಬೆಳಗ್ಗೆ ತೋಟಕ್ಕೆ ಹೋದರೆ ಮುಂದಿನ ವರ್ಷದ ಫಸಲು ಕಾಲಡಿ ಉರುಳಾಡುತ್ತಿರುತ್ತಿತ್ತು. ಹೀಗೇ ಬಿಟ್ಟರೆ ಅಟ್ಟಕ್ಕೆ ಹಾಕಲು ಕಾಯಿಯೇ ಉಳಿಯುವುದಿಲ್ಲ ಎಂದು ಹೆದರಿ, ಬೆಳೆ ರಕ್ಷಣೆಗೆಂದು ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದೆ. ಕೋತಿಯನ್ನು ಹೊಡೆಯುವ ಮಾತಿಲ್ಲ; ಅದು ಕಾನೂನಿಗೂ ಒಪ್ಪದು, ಲಿಂಗ ಕಟ್ಟಿದ ನಮ್ಮ ಮನೆಗೂ ಒಪ್ಪದು. ಸದ್ದಿಗೆ ಹೆದರಿ ಓಡಲಿ ಎಂಬುದಷ್ಟೇ ಲೆಕ್ಕ. ಆಫೀಸಿನಿಂದ ಆಫೀಸಿಗೆ ತಿರುಗಿ ಚಪ್ಪಲಿ ಸವೆದ ಮೇಲೆ ಲೈಸೆನ್ಸ್ ಬಂತು, ಅದರ ಜೊತೆಗೊಂದು ಗಡುವೂ ಬಂತು. ಗಡುವಿನೊಳಗೆ ಬಂದೂಕು ಕೊಳ್ಳದಿದ್ದರೆ ಅಷ್ಟೂ ತಿರುಗಾಟ ಮತ್ತೆ ಮೊದಲಿನಿಂದ.

ಆ ದಿನಗಳಲ್ಲಿ ನನಗೆ ಬಿದ್ದ ಹಗಲುಗನಸುಗಳನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮಧ್ಯಾಹ್ನ ಮುದ್ದೆ ಉಂಡು ತೋಟದ ಮನೆಯ ಜಗಲಿಯಲ್ಲಿ ಒರಗಿದರೆ ಸಾಕು, ಹೆಗಲಿಗೆ ಬಂದೂಕು ಏರಿಸಿಕೊಂಡು ಗರಿಗಳ ನೆರಳಿನಲ್ಲಿ ನಿಧಾನವಾಗಿ ನಡೆದು ಹೋಗುವ ಒಬ್ಬ ಮನುಷ್ಯ ಕಾಣುತ್ತಿದ್ದ. ಅವನ ಮೀಸೆ ನನ್ನ ಮೀಸೆಗಿಂತ ದಪ್ಪ. ಹೊಟ್ಟೆ ಇರಲಿಲ್ಲ. ಬಿಸಿಲು ಅವನ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು, ಎದುರು ಬಂದವರು ದಾರಿ ಬಿಡುತ್ತಿದ್ದರು, ಕೋತಿಗಳು ಸಾಲಾಗಿ ಬೇಲಿ ದಾಟಿ ಬೇರೆಯವರ ತೋಟಕ್ಕೆ ಹೊರಡುತ್ತಿದ್ದವು. ಅವನು ಯಾರೆಂದು ತಿಳಿಯುವಷ್ಟರಲ್ಲಿ ಗಿರಿಜಾ ಕಾಫಿ ತಂದು ಎಬ್ಬಿಸುತ್ತಿದ್ದಳು.

ಗಡುವಿಗೆ ಕೆಲವೇ ದಿನ ಉಳಿದಿದ್ದಾಗ ಪಕ್ಕದ ತೋಟದ ಶಿವಲಿಂಗ ಒಂದು ದಾರಿ ತೋರಿಸಿದ. ಶಿವಲಿಂಗ ನನ್ನ ಜೊತೆ ಮೂಟೆ ಹೊಲಿದವನು, ಈಗಲೂ ಏಕವಚನದಲ್ಲೇ ಮಾತಾಡುವವನು. “ಲೇ, ಬಿಳಿಗೆರೇಲಿ ಡ್ರಿಲ್ ಮೇಷ್ಟ್ರು ಒಬ್ರು ಅವ್ರೆ ಕಣ್ಲಾ, ನಂಜುಂಡಪ್ಪ ಅಂತ. ಸ್ಪರ್ಧೇಲೆಲ್ಲ ಗುರಿ ಹೊಡ್ದು ಕಪ್ಪು ಗೆದ್ದೋರು. ಕಣ್ಣು ಮಂಜಾಗೈತಂತೆ, ರೈಫಲ್ ಕೊಟ್‌ಬುಡ್ತಾರಂತೆ. ಆಟೋಮ್ಯಾಟಿಕ್ಕು,” ಎಂದ. ಕೊಡುವುದು ಕೊಳ್ಳುವುದೆಲ್ಲ ಕೊನೆಗೆ ಲೈಸೆನ್ಸಿರುವ ಅಂಗಡಿಯ ಮೂಲಕ ಕಾಗದದ ಮೇಲೇ ಆಗಬೇಕು. ಆದರೆ ಮೊದಲು ನೋಡಿ ಬರಲು ಅಡ್ಡಿಯಿಲ್ಲ. ಹೊರಡುವಾಗ ಗಿರಿಜಾ ಒಂದೇ ಮಾತು ಹೇಳಿದಳು: “ನೋಡ್ರೀ, ತರೋದಾದ್ರೆ ಕೋತಿ ಓಡೋ ಅಂಥದ್ದು ತನ್ನಿ. ಗೋಡೆಗೆ ನೇತಾಕೋಕೆ ಅಲ್ಲ.”

ನಂಜುಂಡಪ್ಪ ಮೇಷ್ಟರು ತೆಳ್ಳಗೆ, ನೆಟ್ಟಗೆ, ಈಗಲೂ ಸಾವಧಾನ್ ನಿಂತಂತೆ ಇದ್ದರು. ಚಾಪೆ ಹಾಸಿ, ಅದರ ಮೇಲೆ ಶಾಲು ಹಾಸಿ, ದುರ್ಬೀನು ಕೂರಿಸಿದ್ದ ರೈಫಲನ್ನು ತಂದು ಮಲಗಿಸಿದರು. ಮೊದಲು ಗುಂಡು ತುಂಬುವ ಮ್ಯಾಗಜಿನ್ ತೆಗೆದು, ಒಳಗೆ ಬೆರಳಾಡಿಸಿ, ಖಾಲಿ ಇದೆಯೆಂದು ನಮಗೂ ತೋರಿಸಿದರು. “ಅರ್ಧ ಆಟೋಮ್ಯಾಟಿಕ್ ಕಣ್ರೀ ಇದು. ಒಂದ್ಸಲ ಒತ್ತಿದ್ರೆ ಒಂದೇ ಗುಂಡು. ಮುಂದಿನ್ದು ತಾನೇ ಬಂದು ಕೂರ್ತದೆ, ಹೊಡೆಯೋಕೆ ಮಾತ್ರ ಮತ್ತೆ ನೀವೇ ಒತ್ಬೇಕು.”

“ನಮ್ಮ ತಾಲ್ಲೂಕ್ ಆಫೀಸಿನಂಗೇ,” ಎಂದ ಶಿವಲಿಂಗ. “ಫೈಲು ಬಂದು ಕೂತಿರ್ತದೆ, ಪ್ರತಿ ಸಲಾನೂ ಒತ್ಬೇಕು.”

ನಾನು ನಗಲಿಲ್ಲ. ವ್ಯಾಪಾರಕ್ಕೆ ಕೂತಾಗ ನಗಬಾರದು, ನಕ್ಕರೆ ಸರಕು ಹಿಡಿಸಿದೆ ಎಂದು ಗೊತ್ತಾಗುತ್ತದೆ. ಹೊಟ್ಟೆನೋವು ಬಂದವನ ಮುಖ ಮಾಡಿಕೊಂಡು ರೈಫಲನ್ನು ಎತ್ತಿದೆ. ಅಷ್ಟೇ, ಕೈ ತನ್ನ ಕೆಲಸ ಮಾಡಿತು. ಹಿಂದಿನ ಮರದ ಭಾಗವನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಎರಡು ಸಲ ಕುಲುಕಿದೆ.

ಮೇಷ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಏನ್ ಮಾಡ್ತಾ ಇದ್ದಾರ್ರೀ ಇವ್ರು?” ಎಂದು ಶಿವಲಿಂಗನನ್ನು ಕೇಳಿದರು.

“ಒಣಗೈತಾ ನೋಡ್ತಾವ್ನೆ, ಸುಮ್ಕಿರಿ,” ಎಂದ ಅವನು.

ಒಳಗೆ ಲೊಡ ಲೊಡ ಎಂದಿತು. ಐವತ್ತು ವರ್ಷದ ಅಭ್ಯಾಸ ನೋಡಿ, ಮೊದಲು ಸಂತೋಷವಾಯಿತು. ಆಮೇಲೆ ಇದು ಕೊಬ್ಬರಿಯಲ್ಲ, ಬಂದೂಕು ಎಂದು ನೆನಪಾಗಿ ಇನ್ನೂ ಸಂತೋಷವಾಯಿತು, ಏಕೆಂದರೆ ಬಂದೂಕಿನೊಳಗೆ ಲೊಡ ಲೊಡ ಎಂದರೆ ಏನೋ ಸಡಿಲವಾಗಿದೆ ಎಂದರ್ಥ, ಸಡಿಲ ಎಂದರೆ ಬೆಲೆ ಇಳಿಸಬಹುದು ಎಂದರ್ಥ. ರೈಫಲನ್ನು ಕೆಳಗಿಟ್ಟು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, “ಒಳಗೆ ಏನೋ ಬಿಟ್ಟೈತೆ ಮೇಷ್ಟ್ರೇ,” ಎಂದೆ. ಮೇಷ್ಟರ ಮುಖ ಕೆಂಪಾಯಿತು. ರೈಫಲಿನ ಹಿಂಬದಿಯ ತಗಡಿನ ಮುಚ್ಚಳ ತಿರುಗಿಸಿ ತೆರೆದು, ಪೊಳ್ಳಿನೊಳಗಿಂದ ಹೆಬ್ಬೆರಳು ಗಾತ್ರದ ಒಂದು ಸೀಸೆಯನ್ನು ತೆಗೆದು ಚಾಪೆಯ ಮೇಲಿಟ್ಟರು. “ಎಣ್ಣೆ. ರೈಫಲ್ ಒರ್ಸೋಕೆ. ಅದು ಅಲ್ಲೇ ಇರ್ಬೇಕು.” ಮತ್ತೆ ಕುಲುಕಿದೆ, ಸದ್ದಿಲ್ಲ. ಬೆಲೆ ಇಳಿಸಲು ಕೈಗೆ ಸಿಕ್ಕಿದ್ದ ಒಂದೇ ಒಂದು ತಪ್ಪು ಹೀಗೆ ಹೋಯಿತು.

ಶಿವಲಿಂಗನಿಗೆ ನಾವು ಬಂದ ಕಾರಣ ನೆನಪಿತ್ತು. “ಸದ್ದು ಹೆಂಗೆ ಮೇಷ್ಟ್ರೇ?” ಎಂದು ಕೇಳಿದ. ಮೇಷ್ಟರು ಹೆಮ್ಮೆಯಿಂದ ನೆಟ್ಟಗಾದರು. “ಸದ್ದೇನು ಬಂತು. ಹುಣಸೆಬೀಜ ಒಡ್ದಂಗೆ, ಟಪ್ ಅಂತ ಅಷ್ಟೇ. ಸಣ್ಣ ಗುಂಡು ಕಣ್ರೀ, ಪಕ್ಕದ ಮನೇಲಿ ಮಗು ಮಲಗಿದ್ರೂ ಏಳಲ್ಲ.” ಶಿವಲಿಂಗ ನನ್ನ ಮೊಣಕೈ ತಿವಿದ. ಮಗು ಏಳದ ಸದ್ದಿಗೆ ಕೋತಿ ಏಳುತ್ತದೆಯೇ ಎಂಬ ಪ್ರಶ್ನೆ ಆ ತಿವಿತದಲ್ಲಿತ್ತು. ಆಗಲೇ ಎದ್ದು ಬಂದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಬಂದ ಮೇಲೆ ಪೂರ್ತಿ ನೋಡದೆ ಏಳುವ ಜಾತಿ ನನ್ನದಲ್ಲ. “ದುರ್ಬೀನು ಒಂದು ನೋಡ್ಬುಡ್ತೀನಿ,” ಎಂದೆ. ಮೇಷ್ಟರು ನನ್ನನ್ನು ಜಗಲಿಯ ಅಂಚಿಗೆ ಕೂರಿಸಿ, ರೈಫಲಿನ ತುದಿಯನ್ನು ಮರಳಿನ ಚೀಲದ ಮೇಲಿಟ್ಟು, “ಬೆರಳು ಟ್ರಿಗರಿಂದ ಹೊರಗಿರ್ಲಿ. ಆ ತೆಂಗಿನ ಮರದ ತುದಿ ನೋಡಿ,” ಎಂದರು.

ನೋಡಿದೆ.

ಮೊದಲು ಬರೀ ಬೆಳಕು. ಆಮೇಲೆ ಮಂಜು ಕರಗಿದ ಹಾಗೆ ಒಂದು ಗರಿಯ ಬುಡ ಹತ್ತಿರ ಬಂದು ನಿಂತಿತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅದರ ಪಕ್ಕದಲ್ಲೇ ಆಗಷ್ಟೇ ಬಿರಿದ ಹೊಂಬಾಳೆ. ಬೆಣ್ಣೆಯ ಬಣ್ಣದ ಎಳೆಗಳು, ಎಳೆಯ ತುಂಬ ಅಕ್ಕಿಯಷ್ಟು ಹೂವು, ಹೂವಿನ ಮೇಲೆ ಜೇನುಹುಳು. ಅದರ ಕಾಲಿಗೆ ಅಂಟಿದ ಪುಡಿಯೂ ಕಾಣುತ್ತಿತ್ತು. ಬುಡದಲ್ಲಿ ಅಂಗಿಯ ಗುಂಡಿಯಷ್ಟು ಗಾತ್ರದ ಹರಳುಗಳು, ಒಂದೊಂದಕ್ಕೂ ಒಂದೊಂದು ಪುಟ್ಟ ಟೋಪಿ. ಇರುವೆಗಳು ಯಾವ ಅವಸರವೂ ಇಲ್ಲದೆ ಮೇಲೆ ಹೋಗಿ ಕೆಳಗೆ ಬರುತ್ತಿದ್ದವು. ಗಾಳಿ ಬೀಸಿದಾಗ ಇಡೀ ಲೋಕ ಮೆಲ್ಲಗೆ ಎಡಕ್ಕೆ ತೂಗಿ, ಅಲ್ಲೊಂದು ಗಳಿಗೆ ತಡೆದು, ಬಲಕ್ಕೆ ತೂಗುತ್ತಿತ್ತು, ನಾನೂ ಅದರ ಜೊತೆ ತೂಗುತ್ತಿದ್ದೆ. ಆ ತುದಿಯಲ್ಲಿ ಸದ್ದೇ ಇರಲಿಲ್ಲ. ತೆಂಗನ್ನು ನಂಬಿ ಬದುಕಿದವನು ನಾನು. ಎಣಿಸಿದ, ಕುಲುಕಿದ, ತೂಗಿದ ಕಾಯಿಗೆ ಕೊನೆಯಿಲ್ಲ. ಆದರೆ ಮರ ಹತ್ತಲು ಚಿಕ್ಕಂದಿನಿಂದಲೂ ನನಗೆ ತಲೆಸುತ್ತು. ನಾನು ನೋಡಿದ್ದೆಲ್ಲ ಕೆಳಗೆ ಬಿದ್ದ ಮೇಲಿನ ತೆಂಗು. ಮೇಲೆ ಹೀಗೊಂದು ಊರಿದೆ, ಅಲ್ಲಿ ಇಷ್ಟು ನೆಮ್ಮದಿಯಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

“ಕಾಫಿ ಆರೋಯ್ತು ಕಣ್ಲಾ,” ಎಂಬ ಶಿವಲಿಂಗನ ಮಾತು ಎಲ್ಲೋ ದೂರದಲ್ಲಿ ಕೇಳಿಸಿತು. ದುರ್ಬೀನಿನಿಂದ ಕಣ್ಣು ತೆಗೆದಾಗ, ಯಾವಾಗಲೋ ಪಕ್ಕಕ್ಕೆ ತಂದಿಟ್ಟಿದ್ದ ಕಾಫಿ ಆರಿ ಕೆನೆ ಕಟ್ಟಿತ್ತು. ಮೇಷ್ಟರು ನನ್ನನ್ನೇ ನೋಡುತ್ತಿದ್ದರು. ನನ್ನ ಹೊಟ್ಟೆನೋವಿನ ಮುಖ ಯಾವಾಗಲೋ ಹೋಗಿ, ಬಾಯಿ ತೆರೆದಿತ್ತಂತೆ. ಇದು ಶಿವಲಿಂಗ ಆಮೇಲೆ ಹೇಳಿದ್ದು.

“ಈ ರೈಫಲ್ ನಿಮ್ಗೆ ಕೊಡಲ್ಲ ಕಣ್ರೀ,” ಎಂದರು ಮೇಷ್ಟರು. ಕೋಪವೇನೂ ಇರಲಿಲ್ಲ. “ಗುರಿ ಹೊಡೆಯೋನು ಇಷ್ಟೊತ್ತು ನೋಡಲ್ಲ. ನಿಮ್ಮ ಕೈಲಿ ಇದು ತುಕ್ಕು ಹಿಡೀತದೆ. ಎಳೆ ಹುಡುಗ್ರು ಯಾರಾದ್ರೂ ಸ್ಪರ್ಧೆಗೆ ಕೇಳ್ಕಂಡು ಬರ್ತಾರೆ, ಅವ್ರಿಗೆ ಕೊಡ್ತೀನಿ. ನಿಮ್ಗೆ ಬೇಕಾಗಿರೋದು ಇದು.” ಸಣ್ಣ ತಿರುಪಣಿಗಳನ್ನು ಬಿಚ್ಚಿ ದುರ್ಬೀನನ್ನು ಬೇರೆ ಮಾಡಿ, ಬೆಲೆ ಹೇಳಿದರು. ಹುಡುಗರಿಗೆ ಸ್ಪರ್ಧೆಯಲ್ಲಿ ಇದು ಬೇಕಾಗಿಲ್ಲವೆಂದೂ ಹೇಳಿದರು. ನಾನು ಬಾಯಿ ತೆರೆದೆ. ಐನೂರು ಇಳಿಸಿ ಎನ್ನಬೇಕಿತ್ತು, ಗಾಜು ಹಳೆಯದು ಎನ್ನಬೇಕಿತ್ತು, ಎದ್ದು ಗೇಟಿನವರೆಗೆ ಹೋಗಿ ತಿರುಗಿ ನೋಡಬೇಕಿತ್ತು. ಆದರೆ ಗಿರಾಕಿಯ ಮುಖವನ್ನು ಅಷ್ಟು ಹೊತ್ತು ನೋಡಿದ ವ್ಯಾಪಾರಿಯ ಹತ್ತಿರ ಯಾವ ನಾಟಕ ನಡೆಯುತ್ತದೆ? ಎಣಿಸಿ ಕೊಟ್ಟೆ.

ಮನೆಯಲ್ಲಿ ಗಿರಿಜಾ ಟವೆಲು ಬಿಚ್ಚಿ ನೋಡಿದಳು. “ಕೋತಿ ಓಡ್ಸೋಕೆ ಅಂತ ಹೋದ್ರಿ. ಹತ್ರ ಕರ್ಕಂಡು ನೋಡೋ ಯಂತ್ರ ತಂದಿದೀರ,” ಎಂದಳು. ಸುಳಿ ಕೊರೆಯುವ ದುಂಬಿಯ ತೂತನ್ನು ಮರ ಹತ್ತದೆಯೇ ಕಂಡುಹಿಡಿಯಬಹುದು, ಹತ್ತುವವರ ಕೂಲಿ ಉಳಿಯುತ್ತದೆ ಎಂದು ನಾನು ವಿವರಿಸಿದೆ. ಅವಳು ನಂಬಲಿಲ್ಲ. ನಾನೂ ಪೂರ್ತಿ ನಂಬಿರಲಿಲ್ಲ. ಬೇರೆ ಬಂದೂಕು ಹುಡುಕಬೇಕೆಂದು ದಿನಾ ಬೆಳಗ್ಗೆ ಅಂದುಕೊಳ್ಳುತ್ತಿದ್ದೆ, ದಿನಾ ಸಂಜೆ ಜಗಲಿಯಲ್ಲಿ ಕೂತು ಒಂದೊಂದು ಮರದ ತುದಿ ನೋಡುತ್ತಿದ್ದೆ, ಹಾಗೆಯೇ ಗಡುವು ಮುಗಿಯಿತು. ಈಗ ಕೋತಿಗಳು ಹರಳು ಕಚ್ಚಿ ಎಸೆಯುವುದು ನನಗೆ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಈ ವರ್ಷ ಅಟ್ಟದಲ್ಲಿ ಕಾಲಾಡಿಸಲು ಜಾಗ ಧಾರಾಳವಾಗಿದೆ. ಶಿವಲಿಂಗ ಮಾತ್ರ ಹಳೆಯ ಡಬ್ಬವನ್ನು ಬಡಿದು ತನ್ನ ತೋಟದ ಕೋತಿಗಳನ್ನೂ ನನ್ನ ಕಡೆಗೇ ಕಳಿಸುತ್ತಿದ್ದಾನೆ. ನೋಡುವವನು ಹೇಗೂ ಇದ್ದಾನಲ್ಲ ಎನ್ನುತ್ತಾನೆ.

ಆದ್ದರಿಂದ ಓದುಗರಲ್ಲಿ ನನ್ನ ಬುದ್ಧಿಮಾತು ಇಷ್ಟು. ಬಂದೂಕು ನೋಡಲು ಹೋದರೆ ಮೊದಲು ಖಾಲಿ ಇದೆಯೇ ಎಂದು ನೀವೇ ಕಣ್ಣಿಟ್ಟು ನೋಡಿ, ಮಾರುವವರ ಮಾತಿನ ಮೇಲೆ ಬಿಡಬೇಡಿ. ಅವರ ಲೈಸೆನ್ಸಿನಲ್ಲಿರುವ ನಂಬರೂ ಬಂದೂಕಿನ ಕಬ್ಬಿಣದ ಮೇಲಿರುವ ನಂಬರೂ ಒಂದೇ ಇರಲಿ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಗುಳಿ ಬಿದ್ದಿದೆಯೇ ನೋಡಿ. ತಿರುಪಣಿಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿ ಆಟವಾಡಿದ್ದಾರೆ ಎಂದು ತಿಳಿಯಿರಿ. ಸದ್ದು ಬೇಕಾದವರು ಸದ್ದಿನ ವಿಷಯ ಕೇಳಿ, ಉತ್ತರ ಬಂದ ತಕ್ಷಣ ಏಳಿ. ದುರ್ಬೀನು ಇದ್ದರೆ ಅದನ್ನೂ ಪರೀಕ್ಷಿಸಿ, ಆದರೆ ಸುಣ್ಣ ಹೊಡೆದ ಖಾಲಿ ಗೋಡೆಯ ಕಡೆಗೆ ಮಾತ್ರ. ಗೋಡೆ ಎಷ್ಟು ಹತ್ತಿರ ಬಂದರೂ ಗೋಡೆಯೇ, ನಿಮ್ಮ ಚೌಕಾಸಿ ನಿಮ್ಮ ಕೈಯಲ್ಲೇ ಇರುತ್ತದೆ.