ಉಮಾನಾಥನ ತಲೆಯ ಮೇಲಿನ ದೀಪ

"ಕುಣಿತದಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡೋದು ಶುದ್ಧ ಅಜ್ಞಾನ ಕಣೇ! ನಮ್ಮ ಕರಾವಳಿ ಯಕ್ಷಗಾನದಲ್ಲಿ ಮೀಸೆ ಬೋಳಿಸಿದ ಗಂಡಸರೇ ಮಹಾರಾಣಿಯರು. ಹೈಸ್ಕೂಲಲ್ಲಿ ನಾನೇ ಸಖಿ ವೇಷ ಹಾಕಿ ಒಂದು ಗಂಟೆ ರಂಗದ ಮೇಲೆ ನಿಂತಿದ್ದೆ. ಈ ದೀಪದ ಕುಣಿತ ನನಗೆ ಬಿಡು!"

ಮಲೇಷ್ಯಾದ ಪೆಟಾಲಿಂಗ್ ಜಯಾದ ಹನ್ನೊಂದನೇ ಮಹಡಿಯಲ್ಲಿ, ೨೦೨೧ರ ಜೂನ್ ಲಾಕ್‌ಡೌನಿನಲ್ಲಿ, ಉಮಾನಾಥ ಹೀಗೆ ಘರ್ಜಿಸಿದ. ಹೆಂಡತಿ ವಂದನಾ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನಿಂತಿದ್ರಿ ಅಷ್ಟೇ ತಾನೇ? ಇಲ್ಲಿ ಕುಣೀಬೇಕು."

ಕುಣಿತ ಎದುರು ಫ್ಲ್ಯಾಟಿನ ಫಿಲಿಪೀನ್ಸ್ ಹುಡುಗಿ ಮಾರಿಸೆಲ್‌ಳದು. ಅವಳೂರಿನಲ್ಲಿ ಮೈಗೆಲ್ಲ ತೆಂಗಿನ ಚಿಪ್ಪು ಕಟ್ಟಿಕೊಂಡು ಟಕಟಕ ಬಡಿಯುತ್ತ ಕುಣಿಯುವವರು ಗಂಡಸರು. ತಲೆಯ ಮೇಲೊಂದು, ಅಂಗೈಗೊಂದು ಗಾಜಿನ ದೀಪ ಇಟ್ಟುಕೊಂಡು ಕುಣಿಯುವವರು ಹೆಂಗಸರು. ಮಾರಿಸೆಲ್ ಎರಡನ್ನೂ ಅದಲುಬದಲು ಮಾಡಿದ್ದಳು. ಚಿಪ್ಪು ತನಗೆ ಮತ್ತು ವಂದನಾಗೆ, ದೀಪ ಗಂಡಸಿಗೆ. ಚಿಪ್ಪಿಗೇನು ಬರ? ವಂದನಾಳ ಅಡುಗೆಮನೆಯಲ್ಲಿ ದಿನಕ್ಕೆರಡು ಹುಟ್ಟುತ್ತಿದ್ದವು. ದೀಪ ಹೊರಬೇಕಾಗಿದ್ದ ಮಾರಿಸೆಲ್‌ಳ ಕಸಿನ್ ಮಾತ್ರ ಮೆಲಾಕಾದಲ್ಲಿ ಸಿಕ್ಕಿಬಿದ್ದಿದ್ದ. ರಾಜ್ಯದ ಗಡಿ ದಾಟಿದರೆ ಪೊಲೀಸರು ಬಿಡುತ್ತಿರಲಿಲ್ಲ.

"ಅಪ್ಪನಿಗೆ ಈ ದೀಪದ ಕುಣಿತ ಅಂದ್ರೆ ಪ್ರಾಣ," ಎಂದಿದ್ದಳು ಮಾರಿಸೆಲ್. "ಗಂಡಸು ದೀಪ ಹೊತ್ರೆ ಊರೆಲ್ಲ ನಗುತ್ತೆ ಅಂತ ಅಡುಗೆಮನೆ ಬಾಗಿಲು ಹಾಕ್ಕೊಂಡು ಕುಣೀತಿದ್ದ. ಇಲ್ಲಿ ನಗೋಕೆ ಯಾರಿದ್ದಾರೆ?" ಆ ಅಪ್ಪ ಹಿಂದಿನ ಜೂನಿನಲ್ಲಿ ತೀರಿಕೊಂಡಾಗ ವಿಮಾನವಿರಲಿಲ್ಲ. ಮಗಳು ಮುಖ ನೋಡಲಿಲ್ಲ. ಈ ಭಾನುವಾರ ವರ್ಷದ ತಿಥಿ. ಊರಲ್ಲಿರುವ ಅಮ್ಮ ಝೂಮಿನಲ್ಲಿ ನೋಡುತ್ತಾಳೆ. ಇದನ್ನು ಕೇಳಿ ಉಮಾನಾಥನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಅದಕ್ಕೇ ಒಪ್ಪಿಕೊಂಡದ್ದು.

ತಾಲೀಮು ಕಾರಿಡಾರಿನಲ್ಲಿ. ಅವಳು ಅವಳ ಬಾಗಿಲಲ್ಲಿ, ಇವನು ಇವನ ಬಾಗಿಲಲ್ಲಿ, ಮುಖಕ್ಕೆ ಮಾಸ್ಕು, ತಲೆಯ ಮೇಲೆ ದೀಪದ ಬದಲು ನೀರು ತುಂಬಿದ ಗಾಜಿನ ಲೋಟ.

"ಅಂಕಲ್, ರೆಡಿನಾ?"

ಉಮಾನಾಥ ತಲೆಯಾಡಿಸಿದ. ಫಳ್!

"ಅಯ್ಯೋ, ಪೆಟ್ಟಾಯ್ತಾ?"

ಇಲ್ಲ ಎಂದು ತಲೆಯಾಡಿಸಿದ. ಆಗಷ್ಟೇ ಇಟ್ಟ ಎರಡನೆಯದೂ ಫಳ್!

ಕಾಲು ಹೇಗೋ ಕಲಿಯಿತು. ಕತ್ತು ಮಾತ್ರ ಕೋಲೆಬಸವನದು! ಹೂಂ ಎನ್ನಬೇಕಾದರೂ ಅದು ಎಡಕ್ಕೂ ಬಲಕ್ಕೂ ತೂಗಬೇಕು, ಉಹೂಂ ಎನ್ನಬೇಕಾದರೂ ತೂಗಬೇಕು, "ನೋಡೋಣ" ಎನ್ನಬೇಕಾದರಂತೂ ಇನ್ನೆರಡು ಸಲ ಜಾಸ್ತಿ ತೂಗಬೇಕು. ಮಂಗಳವಾರ ಆಫೀಸ್ ಮೀಟಿಂಗಿನಲ್ಲೂ ಅಭ್ಯಾಸ ಬಿಡಬಾರದೆಂದು ಲೋಟ ಹೊತ್ತೇ ಕೂತ. ಬಾಸ್ "ಶುಕ್ರವಾರ ರಿಲೀಸ್ ಓಕೆನಾ?" ಎಂದದ್ದೇ ತಡ, ಕೀಬೋರ್ಡಿಗೆ ಗಂಗಾವತರಣ!

"ಏಳು ಲೋಟ ಹೋಯ್ತು!" ವಂದನಾ ಪೊರಕೆ ಹಿಡಿದು ಕೂಗಿದಳು. "ಇನ್ನು ನಾವು ಬೊಗಸೇಲಿ ಕಾಫಿ ಕುಡೀಬೇಕಾ?"

"ತಪ್ಪು ನಂದಲ್ಲ, ಪ್ರಶ್ನೆ ಕೇಳೋರದ್ದು!"

"ಸರಿ, ಕಸದ ಚೀಲ ಕೆಳಗಿಟ್ಟು ಬರ್ತೀರಾ?"

ಮದುವೆಯಾದ ಹದಿನೈದು ವರ್ಷದಿಂದ ಈ ಪ್ರಶ್ನೆಗೆ ಉಮಾನಾಥ ಸುಮ್ಮನೆ ತಲೆ ತೂಗಿಬಿಡುತ್ತಿದ್ದ. ಅವಳು ಅದನ್ನು ಹೂಂ ಎಂದುಕೊಳ್ಳುತ್ತಿದ್ದಳು, ಇವನು ಉಹೂಂ ಎಂದುಕೊಳ್ಳುತ್ತಿದ್ದ, ಕಸ ಅಲ್ಲೇ ಇರುತ್ತಿತ್ತು. ಈಗ ತಲೆಯ ಮೇಲೆ ಎಂಟನೆಯ ಲೋಟ! ಬಾಯಿಬಿಟ್ಟು "ಬರ್ತೀನಿ" ಎನ್ನಬೇಕಾಯಿತು. ಅಂದಮೇಲೆ ಹೋಗಲೂಬೇಕಾಯಿತು. ಇದೆಂಥ ಗ್ರಹಚಾರ ಎಂದು ಲಿಫ್ಟಿನ ತುಂಬ ಗೊಣಗಿದ.

ಭಾನುವಾರ ಬಂತು. ಕಾರಿಡಾರಿನ ನಡುವೆ ಸ್ಟೂಲು, ಸ್ಟೂಲಿನ ಮೇಲೆ ವಂದನಾಳ ಲ್ಯಾಪ್‌ಟಾಪು. ಅದರೊಳಗೆ ಕ್ವಾಲಾಲಂಪುರ, ದುಬೈ, ಮನಿಲಾ ಎಂದು ಚದುರಿದ ಮಾರಿಸೆಲ್‌ಳ ಬಂಧುಬಳಗದ ಎಪ್ಪತ್ತು ಕುಟುಂಬ. ಈ ಸಲ ಲೋಟದಲ್ಲಿ ನೀರಲ್ಲ, ಬಿಸಿ ಎಣ್ಣೆ, ಉರಿಯುವ ಬತ್ತಿ!

ಹೆಂಗಸರಿಬ್ಬರೂ ತಂತಮ್ಮ ಬಾಗಿಲ ಮುಂದೆ ಎದೆಯ ಚಿಪ್ಪು, ತೊಡೆಯ ಚಿಪ್ಪು ಬಡಿದು ಮಹಡಿ ನಡುಗಿಸಿದರು. ವಂದನಾಗೆ ಇಷ್ಟು ಆವೇಶ ಎಲ್ಲಿತ್ತೋ! ಉಮಾನಾಥ ಉಸಿರು ಬಿಗಿಹಿಡಿದು ತಿರುಗಿದ, ಬಾಗಿದ, ಒಂದು ಮಂಡಿಯೂರಿದ. ಹಾಡು ನಿಂತಿತು. ಮೂರು ದೀಪವೂ ಉರಿಯುತ್ತಿದ್ದವು. ಅವನಿಗೇ ನಂಬಿಕೆಯಾಗಲಿಲ್ಲ.

ಪರದೆಯ ಮೇಲೆ ಮಾರಿಸೆಲ್‌ಳ ಅಮ್ಮ ಅಳುತ್ತಿದ್ದಳು. ಮೂಗು ಒರೆಸಿಕೊಂಡು ಇಂಗ್ಲಿಷಿನಲ್ಲಿ ಕೇಳಿದಳು: "ನನ್ನ ಗಂಡ ಥೇಟ್ ಹೀಗೇ ಕುಣೀತಿದ್ದ, ಮಗನೇ. ಕುಣಿದಾದ ಮೇಲೆ ಅದೇ ಅಡುಗೆಮನೇಲಿ ಪಾತ್ರೇನೂ ಅವನೇ ತೊಳೀತಿದ್ದ. ನೀನೂ ತೊಳೀತೀಯಲ್ಲ?"

ಕತ್ತು ತುರಿಸಿತು. ಒಂದೇ ಒಂದು ಸಲ ತೂಗಿದರೆ ಸಾಕು, ಎಪ್ಪತ್ತು ಕುಟುಂಬವೂ ತಮಗೆ ಬೇಕಾದ ಅರ್ಥ ಮಾಡಿಕೊಳ್ಳುತ್ತಿದ್ದವು! ಆದರೆ ನೆತ್ತಿಯ ಮೇಲೆ ಎಣ್ಣೆ ಕಾಯುತ್ತಿತ್ತು. ವಂದನಾಳ ಚಿಪ್ಪುಗಳೂ ಸದ್ದಡಗಿಸಿ ಕಾಯುತ್ತಿದ್ದವು.

"ಇಲ್ಲ," ಎಂದ ಉಮಾನಾಥ.

ದೀಪ ಅಲುಗಲಿಲ್ಲ.

"ಪರವಾಗಿಲ್ಲ," ಎಂದಳು ಮುದುಕಿ. "ಇವತ್ತಿಂದ ಶುರು ಮಾಡು. ನಾವ್ಯಾರೂ ಎಲ್ಲೂ ಹೋಗೋ ಹಾಗಿಲ್ಲ, ನೋಡ್ತಾ ಕೂತಿರ್ತೀವಿ."

ಉಮಾನಾಥ ದೀಪಗಳನ್ನು ಇಳಿಸಿ ಸಿಂಕಿನತ್ತ ನಡೆದ. ಹಿಂದೆಯೇ ಲ್ಯಾಪ್‌ಟಾಪ್ ಎತ್ತಿಕೊಂಡು, ಚಿಪ್ಪುಗಳನ್ನು ಟಕಟಕ ಆಡಿಸುತ್ತ ವಂದನಾ ಬಂದಳು.