ಅರ್ಧ ಊಟ, ಪೂರ್ತಿ ಕೋಟು

ಎಲ್ಲಕ್ಕೂ ಮೂಲ ಒಂದು ಹಿತ್ತಾಳೆ ಗುಂಡಿ. ಅದು ಡುಮ್ಮಣ್ಣನ ಹೊಟ್ಟೆಯ ಮೇಲಿಂದ ಚಿಮ್ಮಿ, ಟಿಕೆಟ್ ಕಿಟಕಿಯ ಮುಂದೆ ಆಕಳಿಸುತ್ತ ನಿಂತಿದ್ದ ಯಾರೋ ಯಜಮಾನರ ಬಾಯೊಳಗೆ ಬಿತ್ತು. ಅವರು ನುಂಗಲಿಲ್ಲ, ಪುಣ್ಯ. ಆದರೆ ಉಗುಳಿದ ಮೇಲೆ ಸುಮ್ಮನಿರಲಿಲ್ಲ. ನೆಟ್ಟಗೆ ಮೇಲ್ವಿಚಾರಕರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು.

ಡುಮ್ಮಣ್ಣ ಮ್ಯೂಸಿಯಮ್ಮಿನ ಬಾಗಿಲು ಕಾಯುವವನು. ಒಳಗೆ ಹೊಟ್ಟು ತುಂಬಿದ ಪ್ರಾಣಿಗಳು, ಎಂದೋ ನಿಂತುಹೋದ ಗಡಿಯಾರಗಳು, ಯಾರೋ ಹಾಕಿ ಬಿಟ್ಟ ಬೂಟುಗಳು ಗಾಜಿನ ಪೆಟ್ಟಿಗೆಗಳಲ್ಲಿ ಇದ್ದವು. ಬರುವವರು ಕಡಿಮೆ. ಬಂದವರೂ ಒಂದೆರಡು ಕೋಣೆ ದಾಟುವಷ್ಟರಲ್ಲಿ ದನಿ ತಗ್ಗಿಸಿ, ಆಮೇಲೆ ಸುಮ್ಮನಾಗಿಬಿಡುತ್ತಿದ್ದರು. ಅಲ್ಲಿನ ಮೌನ ಗಾಜಿನ ಆಚೆಯಿಂದ ಯಾರೋ ಕಿವಿಗೊಟ್ಟು ಕೇಳುತ್ತಿರುವ ಹಾಗೆ ಇರುತ್ತಿತ್ತು.

ಬಾಗಿಲ ಬಳಿ ನಿಲ್ಲುವವನಿಗೆ ಒಂದು ಕಪ್ಪು ಉಣ್ಣೆಯ ಕೋಟು. ಅದು ಮೊದಲು ದೊಡ್ಡಪ್ಪನದಾಗಿತ್ತು. ದೊಡ್ಡಪ್ಪ ಎಂದರೆ ಡುಮ್ಮಣ್ಣನ ದೊಡ್ಡಪ್ಪನಲ್ಲ. ಅವನಿಗೆ ಮುಂಚೆ ಬಾಗಿಲು ಕಾಯುತ್ತಿದ್ದ, ಇಡೀ ಮ್ಯೂಸಿಯಮ್ಮೇ ದೊಡ್ಡಪ್ಪ ಎಂದು ಕರೆಯುತ್ತಿದ್ದ ಒಣಕಲು ಮುದುಕ. ಆತ ನಿಂತಲ್ಲೇ ಸತ್ತಿದ್ದ. ಬೆಳಗ್ಗೆಯೇ ಸತ್ತಿರಬೇಕು, ಆದರೆ ಸಂಜೆ "ಬಾಗಿಲು ಹಾಕಿ ದೊಡ್ಡಪ್ಪ" ಎಂದಾಗ ಅಲುಗಾಡದೆ ಇದ್ದುದರಿಂದಷ್ಟೇ ಗೊತ್ತಾಯಿತು. ಅಂದು ಬಂದವರೆಲ್ಲ ಆತನಿಗೆ ನಮಸ್ಕಾರ ಮಾಡಿಯೇ ಒಳಗೆ ಹೋಗಿದ್ದರಂತೆ.

"ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಮಾಡಿಸೋಣ ಸಾರ್. ಒಳಗಡೆ ಬಟ್ಟೆ ಬಿಟ್ಟಿದಾರೆ," ಎಂದು, ಗುಂಡಿ ಹಾರಿದ ದಿನ ಮೇಲ್ವಿಚಾರಕರು ಕರೆಸಿದಾಗ, ಡುಮ್ಮಣ್ಣ ಬೇಡಿಕೊಂಡ.

ಮೇಲ್ವಿಚಾರಕರು ಕನ್ನಡಕದ ಮೇಲಿಂದ ನೋಡಿದರು. "ಆ ಕೋಟು ಸಂಗ್ರಹದ ವಸ್ತು ಕಣಯ್ಯಾ. ಸಂಸ್ಥಾಪಕರು ಕೊಟ್ಟಿದ್ದು. ಕಾಲರಿನೊಳಗೆ ನಂಬರಿದೆ ನೋಡು. ನಿನಗೆ ನಂಬರಿದೆಯಾ?"

"ಇಲ್ಲ ಸಾರ್."

"ಮತ್ತೆ? ನಂಬರಿರೋದನ್ನ ಮುಟ್ಟೋ ಹಾಗಿಲ್ಲ. ನಂಬರಿಲ್ಲದೇ ಇರೋನೇ ಸಣ್ಣಗಾಗ್ಬೇಕು. ಅಧ್ಯಕ್ಷರು ಬಂದಾಗ ಗುಂಡಿ ಎಲ್ಲಾ ಹಾಕ್ಕೊಂಡು ನೆಟ್ಟಗೆ ನಿಂತಿದ್ರೆ ನಿನ್ನ ಕೆಲಸ ಕಾಯಂ. ಇಲ್ಲಾಂದ್ರೆ ಕೋಟು ಬಿಚ್ಚಿಡು, ಹಿಂದ್ಗಡೆ ಮನೆ ಬೀಗದ ಕೈನೂ ಕೊಟ್ಟುಬಿಡು."

ಹಿಂದುಗಡೆಯ ಮನೆ ಎಂದರೆ ಎರಡು ಕೋಣೆ. ಅದರಲ್ಲಿ ಡುಮ್ಮಣ್ಣ, ಅವನ ಹೆಂಡತಿ, ಹೆಂಡತಿಯ ತಾಯಿ. ಬೇರೆ ಎಲ್ಲಿಗೂ ಹೋಗುವ ದಾರಿ ಆ ಮೂವರಿಗೂ ಇರಲಿಲ್ಲ.

ಸಣ್ಣಗಾಗಿಸುವ ಹೊಣೆಯನ್ನು ಮೊದಲು ಹೊತ್ತವಳು ಟಿಕೆಟ್ ಅಕ್ಕ. ಟಿಕೆಟ್ ಹರಿಯುವುದರ ಜತೆಗೆ ಎಲ್ಲರ ಮೈಗೂ ಮದ್ದು ಹೇಳುವುದು ಅವಳ ಇನ್ನೊಂದು ಕೆಲಸ. ಅವಳು ಕೊಬ್ಬಿಲ್ಲದ ಬಿಸ್ಕತ್ತು, ಸಕ್ಕರೆಯಿಲ್ಲದ ಕೇಕು, ಬೆಣ್ಣೆಯಲ್ಲದ ಬೆಣ್ಣೆ ಎಲ್ಲ ತಂದುಕೊಟ್ಟಳು. "ಎಷ್ಟು ಬೇಕಾದ್ರೂ ತಿನ್ನಪ್ಪಾ, ಇದರಲ್ಲಿ ಏನೂ ಇಲ್ಲ," ಎಂದಳು. ಡುಮ್ಮಣ್ಣ ನಂಬಿದ. ಏನೂ ಇಲ್ಲದ್ದನ್ನು ಪೊಟ್ಟಣಗಟ್ಟಲೆ ತಿಂದ. ಬಾಯಿಗೆ ರಟ್ಟು ಅಗಿದಂತಾಗಿ, ಆ ಬೇಜಾರಿಗೆ ಮನೆಗೆ ಹೋಗಿ ಮಾಮೂಲಿ ಊಟವನ್ನೂ ಮಾಡಿದ. ಇನ್ನೊಂದು ಗುಂಡಿ ಹಾರಿತು.

ಕೊನೆಗೆ ಅವನ ಹೆಂಡತಿಯೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಟಿಕೆಟ್ ಅಕ್ಕನ ಬಿಸ್ಕತ್ತೊಂದನ್ನು ಕಚ್ಚಿ ನೋಡಿ, ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದರು. "ಇದನ್ನ ತಿಂದು ಯಾರಿಗ್ರೀ ತೃಪ್ತಿ ಆಗುತ್ತೆ? ನೀವು ಏನು ತಿಂತಿದ್ರೋ ಅದನ್ನೇ ತಿನ್ನಿ. ಬೆಣ್ಣೆ ಬೇಕಾ, ಬೆಣ್ಣೇನೇ ಹಚ್ಕೊಳ್ಳಿ. ಕೇಕ್ ಬೇಕಾ, ನಿಜವಾದ ಕೇಕೇ ತಿನ್ನಿ. ಆದ್ರೆ ಅರ್ಧ. ನಿಧಾನಕ್ಕೆ. ತಟ್ಟೆ ಚಿಕ್ಕದು ಮಾಡ್ಕೊಳ್ಳಿ, ಅಷ್ಟೇ."

ಅಂದಿನಿಂದ ಡುಮ್ಮಣ್ಣನ ಊಟ ಸಾಸರಿನಲ್ಲಿ. ಅರ್ಧ ಬ್ರೆಡ್ಡು, ಅರ್ಧ ಮೊಟ್ಟೆ, ಅರ್ಧ ಹಿಡಿ ಅನ್ನ, ಹುರಿದ ಆಲೂಗಡ್ಡೆಯ ಒಂದು ಹೋಳು. ಆ ಹೋಳನ್ನು ಅವನು ಎಂದೂ ಇಲ್ಲದ ಪ್ರೀತಿಯಿಂದ ತಿನ್ನುತ್ತಿದ್ದ. ನಾಲಿಗೆಯ ಮೇಲೆ ಬೆಣ್ಣೆ ಕರಗುವುದನ್ನು ಕಣ್ಣು ಮುಚ್ಚಿ ಕಾಯುತ್ತಿದ್ದ. ಇಷ್ಟು ರುಚಿಯಾಗಿ ತಾನು ಯಾವತ್ತೂ ಉಂಡಿರಲಿಲ್ಲ ಎನಿಸುತ್ತಿತ್ತು. ತಿಂಗಳುಗಳು ಕಳೆದವು. ಮೈ ಸದ್ದಿಲ್ಲದೆ ಇಳಿಯಿತು.

ಅಧ್ಯಕ್ಷರು ಬರುವ ದಿನ ಬೆಳಗ್ಗೆ ಹೆಂಡತಿ ಅವನಿಗೆ ಕೋಟು ತೊಡಿಸಿದಳು. ಹೊಸದಾಗಿ ಹೊಲಿದ ಗುಂಡಿಗಳು ಒಂದೊಂದಾಗಿ ತಾವೇ ಹುಡುಕಿಕೊಂಡು ಹೋಗಿ ಕೂತಂತೆ ಕೂತವು. ತೋಳು ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತು. ಬೆನ್ನು ಎಲ್ಲಿ ಬಾಗಬೇಕೆಂದು ಕೋಟಿಗೆ ಗೊತ್ತಿತ್ತು. ಅವನ ಬೆನ್ನು ಅಲ್ಲೇ ಬಾಗಿತು. ತಾನು ಕೋಟು ಹಾಕಿಕೊಂಡೆನೋ, ಕೋಟು ತನ್ನನ್ನು ಹಾಕಿಕೊಂಡಿತೋ ಅವನಿಗೆ ಬಗೆಹರಿಯಲಿಲ್ಲ.

ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು.

"ಏನೇ? ಸರಿ ಇಲ್ವಾ?"

"ಸರಿಯಾಗಿದೆ ರೀ," ಎಂದಳು. "ತುಂಬಾ ಸರಿಯಾಗಿದೆ. ಅದಕ್ಕೇ ಒಂಥರಾ ಆಗ್ತಿದೆ."

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಅವರಿಗೆ ಕಣ್ಣು ಮಂಜು. ಅವನನ್ನು ಕಂಡವರೇ ಗಡಬಡಿಸಿ ಕುರ್ಚಿ ಎಳೆದರು. "ಬನ್ನಿ ಬನ್ನಿ, ಎಷ್ಟು ದಿನ ಆಯ್ತು! ಕೂತ್ಕೊಳ್ಳಿ. ನಮ್ಮ ಅಳಿಯ ಒಳಗೆ ಸ್ನಾನ ಮಾಡ್ತಿರ್ಬೇಕು, ಕರೀತೀನಿ."

ಅವರು ಬಚ್ಚಲ ಬಾಗಿಲು ತಟ್ಟಿ ಅಳಿಯನನ್ನು ಕೂಗುತ್ತಿರುವಾಗಲೇ ಡುಮ್ಮಣ್ಣ ಮೆಲ್ಲಗೆ ಹೊರಟ.

ಟಿಕೆಟ್ ಅಕ್ಕ ತಲೆ ಬಗ್ಗಿಸಿ ಚಿಲ್ಲರೆ ಜೋಡಿಸುತ್ತಿದ್ದಳು. ನೆರಳು ಬಿದ್ದದ್ದಕ್ಕೆ ತಲೆಯೆತ್ತಿದಳು. ಆಮೇಲೆ ಅವಳ ತಲೆ ಕಾಣಲಿಲ್ಲ. ಮೇಜಿನ ಕೆಳಗಿನಿಂದ ದನಿ ಮಾತ್ರ ಬಂತು. "ನಾನು ನಿಮಗೇನೂ ಕೆಟ್ಟದ್ದು ಮಾಡಿಲ್ಲ ದೊಡ್ಡಪ್ಪ!"

"ಅಕ್ಕಾ, ನಾನು. ಡುಮ್ಮಣ್ಣ."

"ಡುಮ್ಮಣ್ಣ ಇನ್ನೂ ಬಂದಿಲ್ಲ!"

ಅವಳು ತಂದುಕೊಟ್ಟ ಬಿಸ್ಕತ್ತುಗಳ ಹೆಸರನ್ನೆಲ್ಲ ಅವನು ಸಾಲಾಗಿ ಹೇಳಿದ ಮೇಲೆ ಅವಳು ಮೇಜಿನ ಅಂಚಿನಿಂದ ಕಣ್ಣಷ್ಟೇ ಮೇಲೆ ತಂದಳು. "ಅಯ್ಯೋ, ನೀನೇನಾ! ಯಾಕಪ್ಪಾ ಹಿಂಗಾದೆ? ಏನು ಕೊಟ್ರಪ್ಪ ಆ ಡಾಕ್ಟ್ರು ನಿಂಗೆ?"

"ಏನೂ ಕೊಡ್ಲಿಲ್ಲ ಅಕ್ಕಾ. ಅರ್ಧ ತಿನ್ನು ಅಂದ್ರು."

"ಮತ್ತೆ ಉಳಿದರ್ಧ ಯಾರು ತಿಂದ್ರೋ?" ಎಂದಳು ಅಕ್ಕ. ಹೇಳಿದ ಮೇಲೆ ಅವಳಿಗೇ ಆ ಮಾತು ಸರಿಬರಲಿಲ್ಲವೆಂದು ಕಾಣುತ್ತದೆ, ಕಿಟಕಿಯ ಪರದೆ ಎಳೆದುಕೊಂಡಳು.

ಡುಮ್ಮಣ್ಣ ತನ್ನ ಜಾಗದಲ್ಲಿ ಹೋಗಿ ನಿಂತ. ಆ ಮಾತು ಅವನ ಜತೆಗೇ ಬಂದು ನಿಂತಿತು. ಹಿಂದೆ ಈ ಕೋಟನ್ನು ತಾನೊಬ್ಬನೇ ತುಂಬಿ, ಇನ್ನೂ ಹೊರಗೆ ಉಳಿಯುತ್ತಿದ್ದ. ಈಗ ಅರ್ಧವಾಗಿದ್ದಾನೆ. ಆದರೂ ಕೋಟಿನೊಳಗೆ ಎಲ್ಲೂ ಖಾಲಿಯಿಲ್ಲವಲ್ಲ? ತಾನು ತೆರವು ಮಾಡಿದ ಜಾಗಕ್ಕೆ ಯಾರು ಬಂದರು? ಅವನು ಉಸಿರು ಬಿಗಿಹಿಡಿದು ನೋಡಿದ. ಕೋಟಿನ ಏರಿಳಿತ ಸ್ವಲ್ಪ ತಡವಾಗಿ ನಿಂತಿತು.

ಧೂಳು ಒರೆಸುವ ಅಣ್ಣ, ಹೊಟ್ಟು ತುಂಬಿದ ಪ್ರಾಣಿಗಳ ಕಿವಿಯೊಳಗೆಲ್ಲ ಬ್ರಷ್ ಆಡಿಸುವವನು, ಕಾರಿಡಾರಿನ ಆ ತುದಿಯಿಂದ ಇವನನ್ನು ಕಂಡ. ಕಂಡವನು ಓಡಿಹೋಗಲಿಲ್ಲ. ಒಳಗೆ ಹೋಗಿ ಒಂದು ಛತ್ರಿ ತಂದು, ದೂರದಿಂದಲೇ ನೆಲದ ಮೇಲೆ ಜಾರಿಸಿ ಬಿಟ್ಟ.

"ತಗೊಳ್ಳಿ ದೊಡ್ಡಪ್ಪ. ವಾಪಸ್ ಕೊಡ್ಬೇಕು ಅಂತಾನೇ ಇದ್ದೆ. ನೀವು ಹೋಗ್ಬಿಟ್ರಿ. ಇದಕ್ಕೋಸ್ಕರ ಇಷ್ಟು ದೂರ ಬರ್ಬೇಕಾಗಿತ್ತಾ?"

"ಅಣ್ಣಾ, ನಾನು ಕಣೋ, ನಿನ್ನ ಜತೆ ದಿನಾ ಊಟಕ್ಕೆ ಕೂರೋನು!"

"ಅವರೂ ಕೂರ್ತಿದ್ರು," ಎಂದ ಧೂಳಿನಣ್ಣ, ಹತ್ತಿರ ಮಾತ್ರ ಬರಲಿಲ್ಲ.

ವಾರಕ್ಕೊಮ್ಮೆ ಬರುವ ನಿವೃತ್ತ ಮೇಷ್ಟರಿಗಂತೂ ಆನಂದವೇ ಆನಂದ. ಕೈ ಹಿಡಿದು ಕುಲುಕಿದರು. "ಸದ್ಯ! ಯಾರೋ ನೀವು ಹೋಗ್ಬಿಟ್ರಿ ಅಂದಿದ್ರು. ಜನಕ್ಕೆ ನಾಲಿಗೆ ಮೇಲೆ ಹಿಡಿತಾನೇ ಇಲ್ಲ ನೋಡಿ. ನಿಮ್ಮ ಜಾಗದಲ್ಲಿ ಯಾರೋ ಒಬ್ಬ ಮೂಟೆ ಥರದವನನ್ನ ನಿಲ್ಲಿಸಿದ್ರಪ್ಪಾ, ಪಾಪ, ಏದುಸಿರು ಬಿಡ್ತಿದ್ದ. ಕೈ ಯಾಕೆ ಇಷ್ಟು ತಣ್ಣಗಿದೆ?"

ಡುಮ್ಮಣ್ಣ ತನ್ನ ಕೈಯನ್ನು ತಾನೇ ಮುಟ್ಟಿ ನೋಡಿಕೊಂಡ. ತಣ್ಣಗಿತ್ತು.

ಮಧ್ಯಾಹ್ನ ಊಟದ ಕೋಣೆಯಲ್ಲಿ ಅವನು ಸಾಸರಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ. ಅರ್ಧ ಬ್ರೆಡ್ಡು, ಅದರ ಮೇಲೆ ನಿಜವಾದ ಬೆಣ್ಣೆ. ಟಿಕೆಟ್ ಅಕ್ಕ ಮತ್ತು ಧೂಳಿನಣ್ಣ ಎದುರಿನ ಬೆಂಚಿನ ತುದಿಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಅಕ್ಕ ತನ್ನ ಡಬ್ಬಿಯನ್ನು ಮೆಲ್ಲಗೆ ಇವನ ಕಡೆ ತಳ್ಳಿದಳು. ಅದರಲ್ಲಿ ಒಂದು ಇಡೀ ಕೇಕು.

"ತಿನ್ನಪ್ಪಾ. ನಿಜವಾದ ಸಕ್ಕರೇದು. ಎಲ್ಲಾ ತಿಂದ್ಬಿಡು. ಸ್ವಲ್ಪ ನಿನ್ನ ಥರ ಆಗು."

"ನಂದೂ ತಗೋ," ಎಂದು ಧೂಳಿನಣ್ಣ ಮೊಟ್ಟೆಗಳನ್ನು ಉರುಳಿಸಿದ. "ನಮಗೆ ಭಯ ಆಗ್ತಿದೆ ಕಣೋ."

ಡುಮ್ಮಣ್ಣನಿಗೂ ಭಯವಾಗುತ್ತಿತ್ತು. ಆ ಕೇಕನ್ನು ಪೂರ್ತಿ ತಿಂದರೆ ತಾನು ತನಗೆ ವಾಪಸಾಗಬಹುದೇನೋ ಎನಿಸಿತು. ಅದಕ್ಕೆ ಕೈಹಾಕುವಷ್ಟರಲ್ಲಿ ಮೇಲ್ವಿಚಾರಕರು ಬಾಗಿಲಲ್ಲಿ ಇಣುಕಿದರು. "ಏಯ್! ಅಧ್ಯಕ್ಷರು ದಾರೀಲಿದಾರೆ. ಗುಂಡಿ ಹಾರಿದ್ರೆ ಮನೆ ಹಾರಿತು ಅಂತ ತಿಳ್ಕೋ."

ಅವನು ಅರ್ಧ ಬ್ರೆಡ್ಡು ತಿಂದ. ಬಹಳ ನಿಧಾನಕ್ಕೆ ತಿಂದ. ಕೇಕಿನ ಡಬ್ಬಿ ಮುಚ್ಚಿ ಅಕ್ಕನ ಕಡೆ ತಳ್ಳಿದ.

ಅಧ್ಯಕ್ಷರ ಬಗ್ಗೆ ಒಂದು ಮಾತು ಹೇಳಬೇಕು. ಅವರಿಗೆ ತುಂಬಾ ವಯಸ್ಸಾಗಿತ್ತು, ಮತ್ತು ಅವರು ಹೇಳಿದ್ದು ಯಾವತ್ತೂ ತಪ್ಪಾಗುತ್ತಿರಲಿಲ್ಲ. ಅಂದರೆ, ತಪ್ಪಾಗಿದ್ದರೆ ಅದನ್ನು ಸರಿಮಾಡಲಾಗುತ್ತಿತ್ತು. ಹಿಂದೊಮ್ಮೆ ಗಾಜಿನೊಳಗಿನ ನರಿಯನ್ನು ನೋಡಿ "ಒಳ್ಳೇ ತೋಳ" ಎಂದಿದ್ದರು. ಅವರ ಕಾರು ಗೇಟು ದಾಟುವ ಮೊದಲೇ ಮೇಲ್ವಿಚಾರಕರು ನರಿಯ ಚೀಟಿ ತೆಗೆದು ತೋಳವೆಂದು ಬರೆಸಿದ್ದರು. ಅಂದಿನಿಂದ ಅದು ತೋಳವೇ. ನೋಡಲು ಬಂದ ಮಕ್ಕಳೂ ಅದನ್ನು ಕಂಡು ಹೆದರುತ್ತಿದ್ದವು.

ಕಾರು ಬಂತು. ಮೇಲ್ವಿಚಾರಕರು ಓಡಿದರು. ಅಧ್ಯಕ್ಷರು ಕೋಲೂರಿಕೊಂಡು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು, ಡುಮ್ಮಣ್ಣನನ್ನು ಮೇಲಿಂದ ಕೆಳಗೆ ನೋಡಿದರು. ಅವನು ಎದೆ ಸೆಟೆಸಿದ. ಒಂದು ಗುಂಡಿಯೂ ಅಲುಗಲಿಲ್ಲ.

"ಅರೆ, ದೊಡ್ಡಪ್ಪ! ಇನ್ನೂ ನಿಂತೇ ಇದೀಯಲ್ಲೋ!"

ಡುಮ್ಮಣ್ಣ ಮೇಲ್ವಿಚಾರಕರ ಮುಖ ನೋಡಿದ. ಅವರು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

"ಸ್ವಾಮೀ, ನಾನು ಅವರಲ್ಲ," ಎಂದ ಡುಮ್ಮಣ್ಣ.

"ವಯಸ್ಸಾದ್ಮೇಲೆ ಹಂಗೇ ಅನ್ಸೋದು ಕಣೋ. ನಂಗೂ ಬೆಳಗ್ಗೆ ಎದ್ದಾಗ ನಾನು ನಾನಲ್ಲ ಅಂತ್ಲೇ ಅನ್ಸುತ್ತೆ. ಕಾಫಿ ಕುಡಿದ್ಮೇಲೆ ಸರಿಹೋಗುತ್ತೆ." ಅಧ್ಯಕ್ಷರು ಮೇಲ್ವಿಚಾರಕರತ್ತ ತಿರುಗಿದರು. "ಏನ್ರೀ ಇದು? ಇಷ್ಟು ವಯಸ್ಸಾದವನನ್ನ ಇನ್ನೂ ನಿಲ್ಲಿಸಿದೀರಲ್ಲ, ನಿಮಗೆ ಮನುಷ್ಯತ್ವ ಬೇಡ್ವಾ? ಮೈಮೇಲೆ ಮಾಂಸ ಇಲ್ಲ ಪಾಪ. ಇವತ್ತೇ ಬಿಡುಗಡೆ ಮಾಡಿ."

"ಆಗ್ಲಿ ಸಾರ್," ಎಂದರು ಮೇಲ್ವಿಚಾರಕರು.

ಡುಮ್ಮಣ್ಣ ಕೋಟು ಬಿಚ್ಚಿದ. ಒಳಗೆ ಅವನ ಹಳೆಯ ಅಂಗಿ, ಮೂರು ಜನ ಹಿಡಿಯುವಷ್ಟು ದೊಡ್ಡದು, ಗಾಳಿಯಿಲ್ಲದ ಹಾಯಿಯಂತೆ ಜೋತುಬಿತ್ತು. "ನೋಡಿ ಸ್ವಾಮೀ! ನೋಡಿ, ಇದು ನಂದೇ ಅಂಗಿ! ನಾನು ಇಷ್ಟು ದಪ್ಪ ಇದ್ದೆ!"

ಅಧ್ಯಕ್ಷರ ಕಣ್ಣು ಒದ್ದೆಯಾಯಿತು. "ಅಯ್ಯೋ, ಎಷ್ಟು ಇಳಿದುಹೋಗಿದಾನೆ ನೋಡ್ರೀ." ಆಮೇಲೆ ಜೇಬಿನಿಂದ ಪೆನ್ನು ತೆಗೆದರು. "ಇನ್ನು ಈ ಬಾಗಿಲಿಗೆ ಯಾರು ಬೇಕು ಅಂತ ನಾನು ಆಗ್ಲೇ ತೀರ್ಮಾನ ಮಾಡಿದೀನಿ. ಹೋದ ವರ್ಷ ಈ ರಸ್ತೇಲಿ ಕಾರಲ್ಲಿ ಹೋಗ್ತಿದ್ದಾಗ ಇಲ್ಲೊಬ್ಬ ಹುಡುಗ ನಿಂತಿದ್ದ. ಏನು ಮೈಕಟ್ಟು! ಬಾಗಿಲು ತುಂಬ ಅವನೇ. ಕಳ್ಳ ಇರ್ಲಿ, ಗಾಳೀನೂ ನುಸುಳೋ ಹಾಗಿರ್ಲಿಲ್ಲ. ಕಾವಲು ಅಂದ್ರೆ ಅದು! ಅವನನ್ನ ಕಾಯಂ ಮಾಡಿ, ಅವನು ಎದುರಿಗೆ ಬಂದು ನಿಂತ್ರೆ ಈಗ್ಲೇ ಸಹಿ ಹಾಕ್ತೀನಿ. ಎಲ್ಲಿ ಅವನು?"

"ನಾನೇ ಸ್ವಾಮೀ!" ಡುಮ್ಮಣ್ಣನ ದನಿ ಗೋಡೆಗೆ ಬಡಿದು ವಾಪಸು ಬಂತು. "ಅವನೇ ನಾನು!"

ಅಧ್ಯಕ್ಷರು ನಕ್ಕರು. "ಮುದುಕನಿಗೆ ಆಸೆ ನೋಡಿ!" ಅವರು ನಕ್ಕ ಮೇಲೆ ಮೇಲ್ವಿಚಾರಕರು ನಕ್ಕರು. ಮೇಲ್ವಿಚಾರಕರು ನಕ್ಕ ಮೇಲೆ ಟಿಕೆಟ್ ಅಕ್ಕ, ಧೂಳಿನಣ್ಣ ನಕ್ಕರು. ನಗು ಒಂದೊಂದೇ ಕೋಣೆ ದಾಟಿ ಒಳಗೆ ಹೋಯಿತು. ಯಾರೂ ಇಲ್ಲದ ಕೊನೆಯ ಕೋಣೆಯಿಂದಲೂ ಸ್ವಲ್ಪ ಕೇಳಿಸಿದಂತಾಯಿತು.

"ಆ ಹುಡುಗ ಕೆಲಸದ ಹೊತ್ತಲ್ಲಿ ಜಾಗ ಬಿಟ್ಟು ಹೋಗೋನು ಅಂತ ಆಯ್ತು," ಎಂದು ಅಧ್ಯಕ್ಷರು ಪೆನ್ನು ಮುಚ್ಚಿದರು. "ನೋಡೋಣ, ಮುಂದಿನ ಸಲ ಬಂದಾಗ."

ಕಾರು ಹೋಯಿತು. ಮೌನ ತನ್ನ ಜಾಗಕ್ಕೆ ಬಂದು ಕೂತಿತು.

ಡುಮ್ಮಣ್ಣ ಮೇಲ್ವಿಚಾರಕರ ಬಳಿಗೆ ಹೋದ. "ಸಾರ್, ನಿಮಗಾದ್ರೂ ಗೊತ್ತಲ್ಲ ಸಾರ್. ನೀವೇ ತಾನೆ ಸಣ್ಣಗಾಗು ಅಂದಿದ್ದು?"

ಮೇಲ್ವಿಚಾರಕರು ಅವನ ಮುಖವನ್ನು ನೋಡಿದರು, ಕೆನ್ನೆಯ ಗುಳಿಗಳನ್ನು ನೋಡಿದರು, ನಿಂತ ಭಂಗಿಯನ್ನು ನೋಡಿದರು. ಆಮೇಲೆ ಅವರು ತಾವೇ ಹೋಗಿ ದೊಡ್ಡ ಬಾಗಿಲನ್ನು ತೆರೆದು, ಅವನ ಕಣ್ಣಿಗೆ ಕಣ್ಣು ಸೇರಿಸದೆ ಪಕ್ಕಕ್ಕೆ ಸರಿದು ನಿಂತರು.

"ನೀವು ಇನ್ನು ವಿಶ್ರಾಂತಿ ತಗೊಳ್ಳಿ ದೊಡ್ಡಪ್ಪ," ಎಂದರು ಪಿಸುದನಿಯಲ್ಲಿ. "ದಾರೀಲೆಲ್ಲಾದ್ರೂ ಆ ಹುಡುಗ ಸಿಕ್ರೆ ಬೇಗ ಬರೋಕೆ ಹೇಳಿ. ಕೆಲಸ ಕಾಯ್ತಾ ಇದೆ."

ಡುಮ್ಮಣ್ಣ ಹೊಸ್ತಿಲಿಗೆ ಬಂದ. ಜಗಳವಾಡಬೇಕೆಂದುಕೊಂಡ, ಅಳಬೇಕೆಂದುಕೊಂಡ, ಹೆಂಡತಿಯನ್ನು ಕೂಗಬೇಕೆಂದುಕೊಂಡ.

"ಆಗ್ಲಪ್ಪಾ, ಹೇಳ್ತೀನಿ," ಎಂದು ಮೆಟ್ಟಿಲಿಳಿದ.